ಹವ್ಯಾಸಿ ಡ್ರೋನಿನ ಜಿಪಿಎಸ್ ಕೈಕೊಟ್ಟಾಗ

(ಯುವ ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಔಷಧಿ ಸಿಂಪಡಿಸುವ ದೊಡ್ಡ ಡ್ರೋನುಗಳ ವಿಷಯ ಬೇರೆ. ನಾನು ಈಗ ಹೇಳಹೊರಟಿರುವುದು, ಬಿಡಿಭಾಗಗಳನ್ನು ಕೊಂಡು ತಂದು ಮನೆಯಲ್ಲಿಯೇ ಬೆಸುಗೆ ಹಾಕಿ ಜೋಡಿಸುವ ಸಣ್ಣ ಡ್ರೋನಿನ ಬಗ್ಗೆ. ಇಂಥದನ್ನು ಕಟ್ಟಿದವರಿಂದ ಪದೇ ಪದೇ ಬರುವ ಪ್ರಶ್ನೆ ಒಂದೇ: "ಎಲ್ಲಾ ಸರಿಯಾಗಿದೆ, ಜಿಪಿಎಸ್ ಮಾತ್ರ ಹಿಡಿಯುತ್ತಿಲ್ಲ."

ಇದು ಅಲಕ್ಷಿಸುವ ಮಾತಲ್ಲ. ಕೈಯಲ್ಲಿರುವ ರಿಮೋಟಿನ ಸಂಪರ್ಕ ತಪ್ಪಿದಾಗ ಡ್ರೋನು ತಾನೇ ಹೊರಟ ಜಾಗಕ್ಕೆ ಮರಳುವುದು ಜಿಪಿಎಸ್ ಆಧಾರದ ಮೇಲೆ. ಆ ಆಧಾರವೇ ಸಡಿಲವಾದರೆ ಡ್ರೋನು ದಿಕ್ಕುಗೆಟ್ಟು, ಹೊಲದಲ್ಲಿ ಕಳೆ ಕೀಳುವವರ ತಲೆಯ ಮೇಲೂ ಬೀಳಬಹುದು.

ಪರೀಕ್ಷೆಗೆ ಮುನ್ನ ನಾಲ್ಕೂ ಪ್ರೊಪೆಲ್ಲರುಗಳನ್ನು ಬಿಚ್ಚಿಡಿ. ಇದರಲ್ಲಿ ರಿಯಾಯಿತಿ ಇಲ್ಲ.

ಮುಂದೆ ನಿರ್ಧರಿಸಬೇಕಾದುದು, ದೋಷ ತಂತಿಯಲ್ಲಿದೆಯೋ ಆಕಾಶದಲ್ಲಿದೆಯೋ ಎಂಬುದು. ಫ್ಲೈಟ್ ಕಂಟ್ರೋಲರನ್ನು ಕಂಪ್ಯೂಟರಿಗೆ ಜೋಡಿಸಿ ನೋಡಿ. ಜಿಪಿಎಸ್ ಇದೆಯೆಂದು ತೋರಿಸಿ ಉಪಗ್ರಹಗಳ ಸಂಖ್ಯೆ ಸೊನ್ನೆ ಇದ್ದರೆ ತಂತಿ ಸರಿಯಾಗಿದೆ, ಸಂಕೇತ ಸಿಕ್ಕಿಲ್ಲ. ಜಿಪಿಎಸ್ ಇರುವುದನ್ನೇ ತೋರಿಸದಿದ್ದರೆ ದೋಷ ಜೋಡಣೆಯಲ್ಲಿದೆ. ಹೆಚ್ಚಿನವರು ಈ ಎರಡನ್ನೂ ಕಲಸಿಕೊಂಡು, ಮನೆಯೊಳಗೆ ಉಪಗ್ರಹ ಕಾಣದಿದ್ದುದಕ್ಕೆ ಚೆನ್ನಾಗಿದ್ದ ಬೆಸುಗೆಯನ್ನು ಬಿಚ್ಚುತ್ತಾರೆ.

ಜೋಡಣೆಯ ದೋಷವಾದರೆ ಮೊದಲು ವಿದ್ಯುತ್ತನ್ನು ನೋಡಿ. ಬಹುತೇಕ ಮಾಡ್ಯೂಲುಗಳಿಗೆ 5 ವೋಲ್ಟ್ ಬೇಕು. ಮಲ್ಟಿಮೀಟರಿನಿಂದ ಮಾಡ್ಯೂಲಿನ ತುದಿಯಲ್ಲಿಯೇ ಅಳೆಯಿರಿ. ಕೆಲವು ಕಂಟ್ರೋಲರುಗಳಲ್ಲಿ ಕಂಪ್ಯೂಟರಿನ ಯುಎಸ್‌ಬಿ ತಂತಿ ಮಾತ್ರ ಜೋಡಿಸಿದಾಗ ಆ 5 ವೋಲ್ಟ್ ಬಿಂದುವಿಗೆ ವಿದ್ಯುತ್ ಹರಿಯುವುದೇ ಇಲ್ಲ. ಬ್ಯಾಟರಿ ಜೋಡಿಸಿದರೆ ಮಾತ್ರ ಬರುತ್ತದೆ. ಮಾಡ್ಯೂಲಿನ ಚಿಕ್ಕ ದೀಪ ಉರಿಯದಿದ್ದರೆ ಮೊದಲು ಇದನ್ನೇ ಅನುಮಾನಿಸಿ.

ಎರಡನೆಯದು ಟಿಎಕ್ಸ್ ಮತ್ತು ಆರ್‌ಎಕ್ಸ್ ತಂತಿಗಳು. ಟಿಎಕ್ಸ್ ಎಂದರೆ ಬಾಯಿ, ಆರ್‌ಎಕ್ಸ್ ಎಂದರೆ ಕಿವಿ ಎಂದು ತಿಳಿಯಿರಿ. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಸೇರಬೇಕು. ಆದ್ದರಿಂದ ಮಾಡ್ಯೂಲಿನ ಟಿಎಕ್ಸ್ ಕಂಟ್ರೋಲರಿನ ಆರ್‌ಎಕ್ಸ್‌ಗೆ, ಅದರ ಆರ್‌ಎಕ್ಸ್ ಇದರ ಟಿಎಕ್ಸ್‌ಗೆ ಹೋಗತಕ್ಕದ್ದು. ತಂತಿಯ ಬಣ್ಣವನ್ನು ನಂಬಬೇಡಿ, ತಯಾರಕರು ಮನಬಂದಂತೆ ಹಾಕಿರುತ್ತಾರೆ. ಹಲಗೆಯ ಮೇಲೆ ಮುದ್ರಿಸಿದ ಅಕ್ಷರಗಳನ್ನು ಓದಿ. ಪ್ಲಗ್ಗಿನೊಳಗಿನ ಪಿನ್ನುಗಳು ಸೂಜಿಯಷ್ಟು ಸಣ್ಣವು, ಅರ್ಧ ಜಾರಿ ಹೊರಬಂದಿದ್ದರೂ ಕಣ್ಣಿಗೆ ಕಾಣುವುದಿಲ್ಲ. ವಿದ್ಯುತ್ ತೆಗೆದು ಮೀಟರಿನಿಂದ ತಂತಿಯ ಎರಡು ತುದಿಗಳ ನಡುವೆ ಸಂಪರ್ಕವಿದೆಯೇ ಎಂದು ನೋಡಿ; ತಂತಿಯನ್ನು ಮೆಲ್ಲಗೆ ಅಲ್ಲಾಡಿಸುತ್ತಾ ನೋಡುವುದು ಲೇಸು.

ತಂತಿ ಸರಿಯಿದ್ದೂ ಮಾತು ಕೇಳಿಸದಿದ್ದರೆ ಕಂಟ್ರೋಲರಿನ ವ್ಯವಸ್ಥೆಯನ್ನು ಪರಿಶೀಲಿಸಬೇಕು. ಬೀಟಾಫ್ಲೈಟ್ ಬಳಸುವವರು ಪೋರ್ಟ್ಸ್ ಪುಟದಲ್ಲಿ, ತಂತಿ ಹಾಕಿರುವ ಅದೇ ಯುಎಆರ್‌ಟಿಯ ಎದುರು ಜಿಪಿಎಸ್ ಆರಿಸಿ, ಜಿಪಿಎಸ್ ಸೌಲಭ್ಯವನ್ನೂ ಚಾಲೂ ಮಾಡಿ ಉಳಿಸಬೇಕು. ಆರ್ಡುಪೈಲಟ್‌ನಲ್ಲಿ ಆ ಸೀರಿಯಲ್ ಪೋರ್ಟಿನ ಪ್ರೋಟೋಕಾಲ್ 5 ಆಗಿರಬೇಕು. ಹಲಗೆಯ ಮೇಲಿನ ಯುಎಆರ್‌ಟಿ ಸಂಖ್ಯೆಯೂ ಆರ್ಡುಪೈಲಟ್‌ನ ಸೀರಿಯಲ್ ಸಂಖ್ಯೆಯೂ ಒಂದೇ ಆಗಿರಬೇಕೆಂದಿಲ್ಲ. ಆಯಾ ಹಲಗೆಯ ವಿವರಣೆಯನ್ನು ನೋಡಿಕೊಳ್ಳಿ. ಇನ್ನು ಮಾತಿನ ವೇಗ, ಅಂದರೆ ಬಾಡ್ ರೇಟ್. ಯು-ಬ್ಲಾಕ್ಸ್ ಎಂಟನೆಯ ಪೀಳಿಗೆಯ ಚಿಪ್ಪುಗಳು ಕಾರ್ಖಾನೆಯಿಂದ 9600ಕ್ಕೆ ಹೊಂದಿಸಿರುತ್ತವೆ. ಮಾರುವವರು ಇದನ್ನು ಬದಲಿಸಿರುವುದೂ ಉಂಟು.

ಈಗ ಆಕಾಶದ ವಿಷಯಕ್ಕೆ ಬರೋಣ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಬರುವ ಸಂಕೇತ ಅತಿ ಕ್ಷೀಣ. ಎತ್ತರ ಸಹಿತ ಸ್ಥಾನ ತಿಳಿಯಲು ಕನಿಷ್ಠ 4 ಉಪಗ್ರಹಗಳು ಬೇಕು. ತಗಡಿನ ಮಾಡಿನ ಕೆಳಗೆ, ಅಡಿಕೆ ತೋಟದ ದಟ್ಟ ನೆರಳಿನಲ್ಲಿ ಕುಳಿತು ಪರೀಕ್ಷಿಸಿದರೆ ಫಲವಿಲ್ಲ. ಕಣವೋ ಖಾಲಿ ಹೊಲವೋ ಆಗಬೇಕು. ಮಾಡ್ಯೂಲಿನ ಚೌಕಾಕಾರದ ಸೆರಾಮಿಕ್ ಮುಖ ಮೇಲಕ್ಕಿರಲಿ. ಒಳ್ಳೆಯ ಬಯಲಿನಲ್ಲಿ ಅರ್ಧ ನಿಮಿಷದಲ್ಲಿ ಸ್ಥಾನ ಸಿಗಬಹುದಾದರೂ ಮೊದಲ ಸಲ ಹಲವು ನಿಮಿಷ ತಾಳ್ಮೆಯಿಂದ ಕಾಯಿರಿ.

ಬಯಲಿನಲ್ಲಿಯೂ ಸಂಖ್ಯೆ ಏರದಿದ್ದರೆ ಡ್ರೋನಿನೊಳಗೇ ಗದ್ದಲವಿದೆ ಎಂದು ತಿಳಿಯಬೇಕು. ಕ್ಯಾಮೆರಾ ಮತ್ತು ವಿಡಿಯೋ ಟ್ರಾನ್ಸ್‌ಮಿಟರುಗಳೇ ಇಲ್ಲಿ ಮುಖ್ಯ ಕಿರುಕುಳದವು. ಅವುಗಳನ್ನು ಬಂದ್ ಮಾಡಿ ನೋಡಿ. ಕೂಡಲೇ ಉಪಗ್ರಹಗಳು ಹೆಚ್ಚಿದರೆ ಕಳ್ಳ ಸಿಕ್ಕಂತೆ. ಮಾಡ್ಯೂಲನ್ನು ಸಣ್ಣ ಕಂಬದ ಮೇಲೆ ಕೆಲವು ಸೆಂಟಿಮೀಟರ್ ಎತ್ತರಿಸಿ ಕೂರಿಸುವುದು, ನನ್ನ ದೃಷ್ಟಿಯಲ್ಲಿ, ದುಬಾರಿ ಮಾಡ್ಯೂಲ್ ಕೊಳ್ಳುವುದಕ್ಕಿಂತ ಮೇಲು.

ದಿಕ್ಸೂಚಿ ಇರುವ ಮಾಡ್ಯೂಲುಗಳಲ್ಲಿ ಎಸ್‌ಡಿಎ, ಎಸ್‌ಸಿಎಲ್ ಎಂಬ ಬೇರೆ ಎರಡು ತಂತಿಗಳಿರುತ್ತವೆ. ಇವಕ್ಕೂ ಜಿಪಿಎಸ್ ತಂತಿಗಳಿಗೂ ಸಂಬಂಧವಿಲ್ಲ. ಒಂದು ಸರಿಯಿದ್ದು ಇನ್ನೊಂದು ಕೆಟ್ಟಿರಬಹುದು. ಮಾಡ್ಯೂಲಿನ ಬಾಣದ ಗುರುತು ಡ್ರೋನಿನ ಮುಂಭಾಗಕ್ಕಿರಲಿ. ಬ್ಯಾಟರಿಯ ದಪ್ಪ ತಂತಿಗಳಿಂದ ದೂರವಿರಲಿ. ನಿಂತಲ್ಲಿ ನಿಲ್ಲಬೇಕಾದ ಡ್ರೋನು ಗಾಣದೆತ್ತಿನಂತೆ ಸುತ್ತು ಹಾಕತೊಡಗಿದರೆ ದಿಕ್ಸೂಚಿಯ ಮೇಲೆ ಗುಮಾನಿ ಇಡಿ. ಟ್ರಾಕ್ಟರು, ಪಂಪುಸೆಟ್ಟುಗಳಿಂದ ದೂರ ಹೋಗಿ ಮತ್ತೆ ಹೊಂದಾಣಿಕೆ ಮಾಡಿ.

ಇಷ್ಟೆಲ್ಲಾ ಆದ ಮೇಲೆ ಕೆಲವರು ಕಾಯಲಾರದೆ, ಸ್ಥಾನ ಸಿಗದೆಯೂ ಹಾರಲು ಅನುಮತಿಸುವ ಗುಂಡಿ ಒತ್ತುತ್ತಾರೆ. ಬೀಟಾಫ್ಲೈಟ್‌ನಲ್ಲಿ ಮರಳಿ ಬರುವ ವ್ಯವಸ್ಥೆಗೆ ಸಾಮಾನ್ಯವಾಗಿ ಕನಿಷ್ಠ 8 ಉಪಗ್ರಹಗಳೆಂದು ಇಟ್ಟಿರುತ್ತಾರೆ. ಅದನ್ನು ತಗ್ಗಿಸುವುದು ತರವಲ್ಲ. ಮೋಟಾರು ಚಾಲೂ ಮಾಡುವ ವೇಳೆಗೆ ಸ್ಥಾನ ತಿಳಿದಿದ್ದರೆ ತಾನೇ "ಮನೆ" ಎಲ್ಲಿದೆಯೆಂದು ಅದು ಬರೆದಿಟ್ಟುಕೊಳ್ಳುವುದು? ಮನೆಯ ಗುರುತಿಲ್ಲದ ಡ್ರೋನು ಎಲ್ಲಿಗೆಂದು ಮರಳೀತು? ಹಾಗೆಯೇ 2021ರ ಡ್ರೋನ್ ನಿಯಮಗಳ ಪ್ರಕಾರ ವಾಯುಪ್ರದೇಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಲಾಗಿದೆ. ನಿಮ್ಮ ಹೊಲ ಯಾವ ವಲಯದಲ್ಲಿದೆಯೆಂದು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳಿ.

ಎಲ್ಲಾ ಮಾಡಿಯೂ ಮಾಡ್ಯೂಲ್ ಮಾತನಾಡದಿದ್ದರೆ ಅದನ್ನು ಡ್ರೋನಿನಿಂದ ಬಿಡಿಸಿ, 3.3 ವೋಲ್ಟ್ ಸಂಕೇತದ ಯುಎಸ್‌ಬಿ-ಸೀರಿಯಲ್ ಅಡಾಪ್ಟರಿನ ಮೂಲಕ ಕಂಪ್ಯೂಟರಿಗೆ ಜೋಡಿಸಿ. ವಿದ್ಯುತ್ತನ್ನು ಮಾತ್ರ ಮಾಡ್ಯೂಲಿಗೆ ಬೇಕಾದಷ್ಟೇ ಕೊಡಿ. ಡಾಲರ್ ಚಿಹ್ನೆಯಿಂದ ಆರಂಭವಾಗುವ ಸಾಲುಗಳು ಬಂದರೆ ಮಾಡ್ಯೂಲ್ ಜೀವಂತವಿದೆ. ಅರ್ಥವಿಲ್ಲದ ಅಕ್ಷರಗಳು ಬಂದರೆ ಬಾಡ್ ರೇಟ್ ಬದಲಿಸಿ ನೋಡಿ. ಯಾವ ವೇಗದಲ್ಲಿಯೂ ಏನೂ ಬಾರದಿದ್ದರೆ ಬೇರೆ ಮಾಡ್ಯೂಲ್ ತರುವುದೊಂದೇ ದಾರಿ.