ದುಡಿಯುವ ಮನೆಯ ಊಟ

ಹವಳಗಾ ಸೀಮೆಯ ಹಿಡುವಳಿದಾರರನ್ನೂ ಊರ ಹಿರಿಯರನ್ನೂ ಉದ್ದೇಶಿಸಿ ಮಾಡಿದ ಭಾಷಣ



ಬೀಜ, ಗೊಬ್ಬರ, ಕೀಟ, ಧಾರಣೆ ಇವುಗಳನ್ನು ಕುರಿತು ಭಾಷಣ ಕೇಳುವುದು ತಮಗೆ ವಾಡಿಕೆಯಾಗಿದೆ. ಒಲೆಯ ಮೇಲಿನ ಗಡಿಗೆಯ ವಿಷಯವನ್ನು ಗಂಡಸರ ಸಭೆಯಲ್ಲಿ ಎತ್ತಿದರೆ ಕೆಲವರಿಗೆ ವಿನೋದವೆನಿಸಬಹುದು. ಆದರೆ ಗಡಿಗೆಯಲ್ಲಿ ಏನು ಬೇಯುವುದೆಂಬುದು, ಹೊಲದಲ್ಲಿ ಏನನ್ನು ಬಿತ್ತಿದಿರಿ, ಕಣದಿಂದ ಏನನ್ನು ಮನೆಗೆ ತಂದಿರಿ, ಏನನ್ನು ಅಡತಿಗೆ ಕಳುಹಿಸಿದಿರಿ ಎಂಬುದನ್ನು ಅವಲಂಬಿಸಿರುವುದು. ಈ ನಿರ್ಣಯಗಳು ಬಹುಮಟ್ಟಿಗೆ ತಮ್ಮ ಕೈಯಲ್ಲಿಯೇ ಇರುವುದರಿಂದ ಊಟದ ಮಾತನ್ನು ಮೊದಲು ತಮ್ಮ ಮುಂದೆಯೇ ಇಡುತ್ತೇನೆ.

ಭೀಮಾ ತೀರದ ಈ ಸೀಮೆಯಲ್ಲಿ ದೀಪಾವಳಿಯಿಂದ ಹೋಳಿಯವರೆಗೆ ಯಾರಿಗೂ ಬಿಡುವಿಲ್ಲ. ಕಬ್ಬಿನ ಕಡಿತ ಆರಂಭವಾಗುವುದು. ಎಳ್ಳಮಾವಾಸ್ಯೆಯ ಆಚೀಚೆ ತೊಗರಿಯ ಕೊಯ್ಲು ಬರುವುದು. ಅದರ ರಾಶಿ ಮುಗಿಯುವಷ್ಟರಲ್ಲಿ ಕಡಲೆ, ಕುಸುಬೆ, ಹಿಂಗಾರಿ ಜೋಳ ಒಂದರ ಹಿಂದೊಂದು ಕೈಗೆ ಬರುವುವು. ಹವಳಗಾದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿಗಳು ಸಾಲುಗಟ್ಟುವ ದಿನಗಳಲ್ಲಂತೂ ಹಗಲು ಯಾವುದು, ರಾತ್ರಿ ಯಾವುದು ಎಂಬುದೇ ತಿಳಿಯದು. ಮನೆಯ ಹೆಣ್ಣುಮಗಳು ನಸುಕಿನಲ್ಲಿ ಎದ್ದು ಕಸಮುಸುರೆ ಮಾಡಿ, ನೀರು ತಂದು, ಮಕ್ಕಳನ್ನು ಶಾಲೆಗೆ ಅಣಿಗೊಳಿಸಿ, ಹೊತ್ತು ಏರುವ ಮುನ್ನ ಹೊಲದಲ್ಲಿರಬೇಕು. ಇಂತಹ ಅವಸರದಲ್ಲಿ ಊಟದೊಳಗಿನ ಪದಾರ್ಥಗಳು ಒಂದೊಂದಾಗಿ ಕಳಚಿ ಬೀಳುವುವು. ಮೊದಲು ಸೊಪ್ಪು ಹೋಗುವುದು; ಅದನ್ನು ಸೋಸಲು ಸಮಯ ಬೇಕಷ್ಟೆ. ಆಮೇಲೆ ಬೇಳೆ ತೆಳ್ಳಗಾಗುತ್ತ ಸಾರಾಗುವುದು. ಎಮ್ಮೆಯನ್ನು ಮಾರಿದ ಮನೆಯಲ್ಲಿ ಮಜ್ಜಿಗೆಯೂ ಇಲ್ಲ. ಕಡೆಗೆ ಉಳಿಯುವುದು ಬಿಳಿಯ ಅನ್ನ, ನೀರಾದ ಸಾರು, ಹೊಲದ ಬದುವಿನಲ್ಲಿ ನಾಲ್ಕು ಸಲ ಚಹಾ, ಮಕ್ಕಳ ಕೈಯಲ್ಲಿ ಅಂಗಡಿಯ ಕುರುಕಲಿನ ಪೊಟ್ಟಣ. ಹೊಟ್ಟೆ ತುಂಬಿದಂತಾಗುವುದು, ಮೈಗೆ ಬೇಕಾದುದು ಮಾತ್ರ ದೊರೆಯುವುದಿಲ್ಲ.

ಇದರ ಪರಿಣಾಮವು ಲೆಕ್ಕದಲ್ಲಿ ಕಾಣಬಂದಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ, 5 ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಸುಮಾರು 65 ಮಕ್ಕಳಿಗೆ ರಕ್ತಹೀನತೆ ಇತ್ತು. 2021ರ ಡಿಸೆಂಬರದಲ್ಲಿ ಸರ್ಕಾರವು ಶಾಲೆಯ ಬಿಸಿಯೂಟದೊಡನೆ ತತ್ತಿ ಕೊಡುವುದನ್ನು ಪ್ರಾರಂಭಿಸಿದಾಗ, ಅಪೌಷ್ಟಿಕತೆ ಹೆಚ್ಚಾಗಿದ್ದ ಕೆಲವು ಜಿಲ್ಲೆಗಳನ್ನು ಮೊದಲು ಆರಿಸಿಕೊಂಡಿತು. ಅವುಗಳಲ್ಲಿ ನಮ್ಮ ಕಲಬುರಗಿಯೂ ಒಂದು. ದೇಶಕ್ಕೆ ತೊಗರಿ ಬೇಳೆ ಕಳುಹಿಸುವ ಜಿಲ್ಲೆ ಇದು. 2019ರಲ್ಲಿ ಇಲ್ಲಿಯ ಬೇಳೆಗೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಅಂತಹ ನೆಲದ ಮಕ್ಕಳು ಸಪ್ಪಗಿರುವುದು ವಿಚಾರಮಾಡತಕ್ಕ ಸಂಗತಿಯಾಗಿದೆ.

ತಾವು ಎತ್ತುಗಳನ್ನು ಸಾಕಿ ಬಲ್ಲವರು. ಬಿತ್ತನೆಯ ಹಂಗಾಮು ಹತ್ತಿರ ಬಂದಿತೆಂದರೆ ಎತ್ತಿಗೆ ಬರಿಯ ಕಣಿಕೆ ಹಾಕಿ ಸುಮ್ಮನಿರುವುದಿಲ್ಲ. ಹಿಂಡಿ ಇಡುವಿರಿ, ಹೊಟ್ಟು ನೆನೆಸುವಿರಿ. ಕಣಿಕೆಯಿಂದ ಹೊಟ್ಟೆ ತುಂಬುವುದೇ ಹೊರತು ನೊಗ ಎಳೆಯುವ ಕಸುವು ಬಾರದೆಂದು ಯಾರೂ ತಮಗೆ ಕಲಿಸಬೇಕಾಗಿಲ್ಲ. ಅದೇ ಮನೆಯಲ್ಲಿ ಹಗಲೆಲ್ಲ ಬಗ್ಗಿ ತೊಗರಿ ಕೊಯ್ಯುವ ಹೆಣ್ಣುಮಗಳು ಒಂದು ಬಟ್ಟಲು ಚಹಾ ಕುಡಿದು ಹೊರಟರೆ ಯಾರೂ ಕೇಳುವುದಿಲ್ಲ. ನಮ್ಮ ಭಾಷೆಯಲ್ಲಿ ಎತ್ತಿಗೆ ಇಡುವುದೂ ಹಿಂಡಿ, ರೊಟ್ಟಿಗೆ ಹಚ್ಚಿಕೊಳ್ಳುವುದೂ ಹಿಂಡಿ. ಗಾಣದಲ್ಲಿ ಎಣ್ಣೆ ತೆಗೆದದ್ದು ಎತ್ತಿಗೆ, ಎಣ್ಣೆ ಸಹಿತವಾಗಿ ಕುಟ್ಟಿದ್ದು ಮನುಷ್ಯರಿಗೆ ಎಂಬಷ್ಟೇ ಭೇದ.

ಇನ್ನು ಜೋಳದ ಮಾತು. ನಮ್ಮ ಬಿಳಿಜೋಳವು ಉತ್ತಮ ಧಾನ್ಯವೆಂಬುದರಲ್ಲಿ ಸಂದೇಹವಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಆಹಾರ ಕೋಷ್ಟಕಗಳಂತೆ 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಸಸಾರಜನಕ, ಸುಮಾರು 10 ಗ್ರಾಂ ನಾರು, 4 ಮಿಲಿಗ್ರಾಮಿನ ಸಮೀಪ ಕಬ್ಬಿಣಾಂಶ ಇರುವುದು. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಸಸಾರಜನಕ 8 ಗ್ರಾಂ, ನಾರು 3 ಗ್ರಾಮಿಗಿಂತ ಕಡಿಮೆ, ಕಬ್ಬಿಣಾಂಶವು 1 ಮಿಲಿಗ್ರಾಮಿಗೂ ಕಡಿಮೆ. 2013ರಲ್ಲಿ ಅನ್ನಭಾಗ್ಯ ಬಂದ ತರುವಾಯ ಬಡವರ ಒಲೆ ಆರದಂತಾದುದು ದೊಡ್ಡ ಉಪಕಾರವೇ ಸರಿ. ಆ ಅಕ್ಕಿಯನ್ನು ನಿಂದಿಸಲು ನಾನು ಬಂದಿಲ್ಲ. ಆದರೆ ಎರಡು ಹೊತ್ತಿನ ರೊಟ್ಟಿಯ ಜಾಗವನ್ನು ಎರಡು ಹೊತ್ತಿನ ಅನ್ನವು ಆಕ್ರಮಿಸಿದರೆ ಮೇಲೆ ಹೇಳಿದ ನಾರೂ ಕಬ್ಬಿಣವೂ ತಟ್ಟೆಯಿಂದ ಹೋದಂತೆಯೇ. ದಿನಕ್ಕೆ ಒಂದು ಹೊತ್ತಾದರೂ ರೊಟ್ಟಿ ಇರಲಿ.

ಜೋಳವನ್ನು ಹೊಗಳಿದ ಬಾಯಿಂದಲೇ ಒಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ದಖ್ಖಣದ ಜೋಳದ ಸೀಮೆಯ ಬಡ ಕೂಲಿಗಳಲ್ಲಿ ಹಿಂದೆ ಒಂದು ರೋಗ ಕಾಣುತ್ತಿತ್ತು. ಬಿಸಿಲು ತಗಲುವ ಕೈ, ಕಾಲು, ಕೊರಳಿನ ಚರ್ಮವು ಕಪ್ಪಾಗಿ ಒರಟಾಗಿ ಸುಲಿಯುವುದು, ನಾಲಗೆ ಹುಣ್ಣಾಗುವುದು, ಭೇದಿ ಹತ್ತುವುದು, ಬಲಿತರೆ ಬುದ್ಧಿಯೂ ಕದಡುವುದು. ಇದಕ್ಕೆ ಪೆಲ್ಲಾಗ್ರ ಎಂದು ಹೆಸರು. ನಿಯಾಸಿನ್ ಎಂಬ ಜೀವಸತ್ತ್ವದ ಕೊರತೆಯೇ ಅದರ ಮೂಲ. ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್. ಜಿ. ಶ್ರೀಕಂಠಯ್ಯ ಇವರು ಇಂತಹ ರೋಗಿಗಳನ್ನು ಪರೀಕ್ಷಿಸಿ, ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಅತಿಯಾಗಿರುವುದು ಈ ಕೊರತೆಗೆ ಕಾರಣವಾಗುವುದೆಂದು 1960ರಲ್ಲಿ ಬರೆದರು. ಇದನ್ನು ಕೇಳಿ ಜೋಳಕ್ಕೆ ಅಂಜಬೇಕಾದುದಿಲ್ಲ. ರೋಗಕ್ಕೆ ಸಿಕ್ಕವರು ಜೋಳವೊಂದನ್ನೇ ಉಂಡವರು. ರೊಟ್ಟಿಯೊಡನೆ ಬೇಳೆ, ಸೊಪ್ಪು, ಹಾಲುಮಜ್ಜಿಗೆಗಳನ್ನು ಉಂಡ ಮನೆಗಳಲ್ಲಿ ಅದು ಸುಳಿಯಲಿಲ್ಲ.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಮೈಯ ಮಾಂಸಖಂಡ ಬೆಳೆಯಲು ಬೇಕಾದ ಲೈಸಿನ್ ಎಂಬ ಅಂಶವು ಜೋಳದಲ್ಲಿ ಅಲ್ಪವಾಗಿದ್ದು ಬೇಳೆಯಲ್ಲಿ ಧಾರಾಳವಾಗಿದೆ. ಬೇಳೆಯಲ್ಲಿ ಕೊರತೆಯಾದ ಮೆಥಿಯೊನಿನ್ ಎಂಬ ಅಂಶವನ್ನು ಜೋಳವು ತುಂಬಿಕೊಡುವುದು. ಹಿರಿಯರು ಹೊಲದಲ್ಲಿಯೇ ಇವೆರಡನ್ನೂ ಜೊತೆಮಾಡಿ ಬಿತ್ತುತ್ತಿದ್ದರು. ತಟ್ಟೆಯಲ್ಲಿ ಅವು ಕೂಡುವುದು ಸಹಜವಾಗಿತ್ತು.

ಹಾಗಾದರೆ ಒಂದು ಮನೆಗೆ ಎಷ್ಟು ಬೇಳೆ ಬೇಕು? ಮೇಲೆ ಹೇಳಿದ ಸಂಸ್ಥೆಯು 2024ರಲ್ಲಿ ಸೂಚಿಸಿದಂತೆ ಪ್ರಾಯದವರೊಬ್ಬರಿಗೆ ದಿನಕ್ಕೆ 85 ಗ್ರಾಂ ಬೇಳೆಕಾಳು ಬೇಕು. ಐದು ಮಂದಿಯ ಮನೆಯಲ್ಲಿ ಇದು ವರ್ಷಕ್ಕೆ ಸುಮಾರು ಒಂದೂವರೆ ಕ್ವಿಂಟಲ್ ಆಗುವುದು; ಎಲ್ಲವೂ ತೊಗರಿಯೇ ಆದರೆ ಒಡೆಸುವಾಗಿನ ನಷ್ಟವನ್ನು ಹಿಡಿದು ಎರಡು ಕ್ವಿಂಟಲ್ ತೊಗರಿ ಎನ್ನಿರಿ. ಹೆಸರು, ಕಡಲೆ, ಮಡಿಕೆ, ಅಲಸಂದಿ ಇದ್ದಲ್ಲಿ ಅಷ್ಟು ಬೇಡ. ಹತ್ತು ಹದಿನೈದು ಕ್ವಿಂಟಲ್ ಬೆಳೆದವರು ಒಂದು ಕಾಳನ್ನೂ ಉಳಿಸದೆ ಕಲಬುರಗಿಯ ಮಾರುಕಟ್ಟೆಗೆ ಒಯ್ದು, ಜ್ಯೇಷ್ಠ ಆಷಾಢದಲ್ಲಿ ಅಂಗಡಿಯಿಂದ ಕಾಲು ಕಿಲೋ, ಅರ್ಧ ಕಿಲೋ ಬೇಳೆಯನ್ನು ಏರಿದ ಧಾರಣೆಗೆ ತರುವುದನ್ನು ತಾವೂ ಬಲ್ಲಿರಿ. ಕಾಲು ಕಿಲೋ ತಂದ ಬೇಳೆ ಸಾರೇ ಆಗುವುದು, ಪಲ್ಯವಾಗದು. ಆದುದರಿಂದ ಕಣದಲ್ಲಿ ತೂಕ ಹಿಡಿಯುವಾಗ ಮನೆಯ ಪಾಲನ್ನು ಮೊದಲು ತೆಗೆದಿಡತಕ್ಕದ್ದು. ಇಡಿಯ ಕಾಳಿಗೆ ನುಸಿ ಬೇಗ ಬೀಳುವುದರಿಂದ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಬೇಳೆ ಮಾಡಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿದರೆ ಮುಂದಿನ ರಾಶಿಯವರೆಗೆ ಬರುವುದು. ಔಷಧದ ಖಾಲಿ ಡಬ್ಬಿಗಳನ್ನು, ಎಷ್ಟೇ ತೊಳೆದಿದ್ದರೂ, ಇದಕ್ಕೆ ಉಪಯೋಗಿಸಬಾರದು.

ಬೇಳೆ ಇದ್ದ ಮಾತ್ರಕ್ಕೆ ಸಮಯ ಬರಲಿಲ್ಲವಷ್ಟೆ ಎಂದು ಕೇಳುವಿರಿ. ನಿಜವೇ. ಆದರೆ ಈ ಸೀಮೆಯ ಅಡಿಗೆಯು ಅವಸರದವರಿಗಾಗಿಯೇ ಹುಟ್ಟಿದಂತಿದೆ. ಖಡಕ್ ರೊಟ್ಟಿಯನ್ನು ಬಿಡುವಿದ್ದ ದಿನ ಒಂದು ಬುಟ್ಟಿಯಷ್ಟು ಮಾಡಿಟ್ಟರೆ ಅನೇಕ ದಿನ ಕೆಡದು. ಶೇಂಗಾ, ಅಗಸಿ, ಗುರೆಳ್ಳು ಇವುಗಳನ್ನು ಬೇರೆಬೇರೆಯಾಗಿ ಹುರಿದು ಕುಟ್ಟಿದ ಹಿಂಡಿ ತಿಂಗಳವರೆಗೆ ನಿಲ್ಲುವುದು; ಬುತ್ತಿಗೆ ಅದಕ್ಕಿಂತ ಹಗುರಾದ ಪುಷ್ಟಿ ಬೇರೊಂದಿಲ್ಲ. ಬೂಷ್ಟು ಹಿಡಿದ, ಸುಕ್ಕಾಗಿ ಕಹಿಯಾದ ಶೇಂಗಾ ಬೀಜವನ್ನು ಮಾತ್ರ ಕೈ ಹಿಡಿಯದೆ ಚೆಲ್ಲಬೇಕು. ಆ ಬೂಷ್ಟಿನ ವಿಷವು ಯಕೃತ್ತನ್ನು ಕೆಡಿಸುವುದು, ಹುರಿದರೂ ಪೂರ್ಣವಾಗಿ ಹೋಗದು. ಹೆಸರನ್ನೋ ಮಡಿಕೆಯನ್ನೋ ಮುಂಜಾನೆ ನೆನೆಸಿ ಸಂಜೆಗೆ ಒದ್ದೆ ಬಟ್ಟೆಯಲ್ಲಿ ಕಟ್ಟಿದರೆ ಮರುದಿನ ಮೊಳಕೆ ಬಂದಿರುವುದು. ಒಗ್ಗರಣೆಗೆ ಹತ್ತು ನಿಮಿಷ ಸಾಕು. ಹಸಿಯ ಮೆಂತ್ಯದ ಸೊಪ್ಪು, ಉಳ್ಳಾಗಡ್ಡಿ, ಗಜ್ಜರಿ, ಸೌತೆ ಇವಕ್ಕೆ ಒಲೆಯೇ ಬೇಡ. ಪುಂಡಿಪಲ್ಯದ ವಿಚಾರವನ್ನು ನಾನು ವಿಶೇಷವಾಗಿ ಹೇಳಬಯಸುತ್ತೇನೆ. ಜೋಳದ ನುಚ್ಚು, ತೊಗರಿ ಬೇಳೆ, ಪುಂಡಿಯ ಸೊಪ್ಪು, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಎಲ್ಲವೂ ಒಂದೇ ಗಡಿಗೆಯಲ್ಲಿ ಬೇಯುವುವು. ಧಾನ್ಯ, ಬೇಳೆ, ಸೊಪ್ಪು ಮೂರೂ ಒಂದೇ ಸಲ ಒದಗುವುವು. ಪಟ್ಟಣದವರು ಈಚೆಗೆ ಪುಸ್ತಕ ನೋಡಿ ಕಲಿಯುವ ಸಮತೂಕದ ಊಟವನ್ನು ನಮ್ಮ ಅಜ್ಜಿಯರು ಒಂದೇ ಗಡಿಗೆಯಲ್ಲಿ ಮಾಡಿಡುತ್ತಿದ್ದರು. ಉಣ್ಣುವಾಗ ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಸೊಪ್ಪು ಬೇಳೆಗಳ ಕಬ್ಬಿಣಾಂಶವು ಮೈಗೆ ಹೆಚ್ಚಾಗಿ ಹಿಡಿಯುವುದು. ನಿಂಬೆಯನ್ನು ಕುದಿಯುವ ಗಡಿಗೆಗೆ ಹಾಕಬಾರದು. ಅದರ ಜೀವಸತ್ತ್ವವು ಕಾವಿಗೆ ನಾಶವಾಗುವುದು.

ಊಟವಾದ ಕೂಡಲೆ ಕುಡಿಯುವ ಚಹಾ ಇದಕ್ಕೆ ವಿರುದ್ಧವಾದ ಕೆಲಸವನ್ನು ಮಾಡುವುದು. ಅದರ ಒಗರು ಕಬ್ಬಿಣಾಂಶವನ್ನು ಹಿಡಿದು ಮೈಗೆ ಸೇರಗೊಡದು. ಚಹಾ ಬಿಡಿರೆಂದು ಈ ಸೀಮೆಯಲ್ಲಿ ಹೇಳಿದರೆ ಕೇಳುವವರಿಲ್ಲ. ಊಟಕ್ಕೂ ಚಹಾಕ್ಕೂ ಒಂದು ತಾಸಿನ ಅಂತರವಿರಲಿ ಎಂದರೆ ಸಾಕು. ಕಬ್ಬು ಬೆಳೆಯುವವರ ಮುಂದೆ ಸಕ್ಕರೆ ಕಡಿಮೆ ಮಾಡಿರೆನ್ನುವುದೂ ಸುಲಭವಲ್ಲ. ಆದರೂ ಲೆಕ್ಕವನ್ನು ಕೇಳಿರಿ. ಬಟ್ಟಲಿಗೆ ಎರಡು ಚಮಚದಂತೆ ದಿನಕ್ಕೆ ಐದು ಬಟ್ಟಲು ಕುಡಿದವನು ಚಹಾದಲ್ಲಿಯೇ ಸುಮಾರು 50 ಗ್ರಾಂ ಸಕ್ಕರೆ ತಿಂದಂತಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿದ ಪ್ರಕಾರ ದಿನದ ಒಟ್ಟು ಮಿತಿಯೇ ಅಷ್ಟು. 25 ಗ್ರಾಮಿನೊಳಗಿದ್ದರೆ ಮೇಲು. ಹೊಲಕ್ಕೆ ಒಯ್ಯುವ ಚಹಾದ ಎರಡು ಸರದಿಗೆ ಬದಲಾಗಿ ಮಜ್ಜಿಗೆ ಬೆರೆಸಿದ ಜೋಳದ ಅಂಬಲಿಯನ್ನು ಒಯ್ಯಿರಿ. ಬಿಸಿಲಿಗೆ ಅದು ತಂಪು, ಹೊಟ್ಟೆಗೆ ಆಧಾರ.

ಸೊಪ್ಪಿನ ವಿಷಯದಲ್ಲಿ ಭೂಮಿಯ ಒಡೆಯರಾದ ತಮ್ಮ ಜವಾಬ್ದಾರಿ ಹೆಚ್ಚು. ಹತ್ತರಕಿ, ಕಿರಕಸಾಲಿ, ರಾಜಗಿರಿ ಇವುಗಳನ್ನು ಯಾರೂ ಬಿತ್ತುತ್ತಿರಲಿಲ್ಲ. ಕಳೆ ತೆಗೆಯಲು ಹೋದ ಹೆಂಗಸರು ಉಡಿ ತುಂಬ ತರುತ್ತಿದ್ದರು. ಕಳೆನಾಶಕ ಬಂದ ಮೇಲೆ ಕಳೆಯೊಡನೆ ಈ ಪಲ್ಯವೂ ಸುಟ್ಟುಹೋಯಿತು. ಕಳೆನಾಶಕವನ್ನು ಕೂಲಿಯ ಅಭಾವದಿಂದ ಹೊಡೆಯುವಿರಿ, ಅದನ್ನು ಅರಿಯೆನೆಂದಲ್ಲ. ಮನೆಗೆ ಸಮೀಪದ ಒಂದೆರಡು ಗುಂಟೆಯನ್ನಾದರೂ ಯಾವ ಔಷಧವೂ ಬೀಳದಂತೆ ಬಿಡಿರಿ. ಅಲ್ಲಿ ಪುಂಡಿ, ಮೆಂತ್ಯ, ಅಲಸಂದಿಯನ್ನು ಹಾಕಿರಿ. ಬಚ್ಚಲ ನೀರು ಹರಿಯುವ ಹಿತ್ತಿಲಲ್ಲಿ ನುಗ್ಗೆ, ನಿಂಬೆ, ಕರಿಬೇವು ತಾವೇ ಬೆಳೆಯುವುವು. ಕಬ್ಬಿನ ಬದುವಿನ ಮೇಲೂ ನುಗ್ಗೆಗೆ ಜಾಗವುಂಟು. ಕಾಯಿಕೊರಕಕ್ಕೆಂದು ಔಷಧ ಹೊಡೆದ ತೊಗರಿಯಿಂದ, ಡಬ್ಬಿಯ ಮೇಲೆ ಬರೆದಷ್ಟು ದಿನಗಳು ಕಳೆಯುವವರೆಗೆ, ಹಸಿಕಾಯಿ ಕೀಳಗೊಡಬೇಡಿರಿ. ಎಳ್ಳಮಾವಾಸ್ಯೆಯ ಭಜ್ಜಿಗೆ ಹಸಿಕಾಳು ಬೇಕಾಗುವುದೂ ಔಷಧ ಹೊಡೆಯುವುದೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬರುವುದರಿಂದ, ಹಬ್ಬದ ಕಾಯಿಗಾಗಿ ನಾಲ್ಕು ಸಾಲನ್ನು ಮೊದಲೇ ಗುರುತುಮಾಡಿ ಬಿಡುವುದು ಯುಕ್ತ.

ಕಡೆಯದಾಗಿ ಬಡಿಸುವ ಕ್ರಮದ ಬಗ್ಗೆ ಎರಡು ಮಾತು. ಅನೇಕ ಮನೆಗಳಲ್ಲಿ ಗಂಡಸರು, ಮಕ್ಕಳು, ಆಳುಗಳು ಉಂಡ ತರುವಾಯ ಹೆಂಗಸರು ತಳದಲ್ಲಿ ಉಳಿದುದನ್ನು ಉಣ್ಣುವರು. ರೊಟ್ಟಿ ಉಳಿದಿರುವುದು, ಬೇಳೆಯೂ ಪಲ್ಯವೂ ಮುಗಿದಿರುವುವು. ಬಸುರಿಯಾಗಲಿ ಬಾಣಂತಿಯಾಗಲಿ ಇದಕ್ಕೆ ಹೊರತಲ್ಲ. ರಕ್ತಹೀನತೆಯ ಲೆಕ್ಕವು ಇಲ್ಲಿಯೇ ಆರಂಭವಾಗುವುದೆಂದು ನನಗೆ ತೋರುತ್ತದೆ. ಅಡಿಗೆಯಾದೊಡನೆ ಆಕೆಯ ಪಾಲಿನ ಬೇಳೆ ಪಲ್ಯವನ್ನು ಬೇರೆ ಬಟ್ಟಲಲ್ಲಿ ಮುಚ್ಚಿಡಿಸಿರಿ; ಯಜಮಾನನು ಒಮ್ಮೆ ಹೇಳಿದರೆ ಅತ್ತೆಯೂ ಒಪ್ಪುವಳು. 6 ತಿಂಗಳು ತುಂಬಿದ ಕೂಸಿಗೆ ಎದೆಹಾಲಿನೊಡನೆ ಮೆತ್ತಗೆ ನುರಿದ ಬೇಳೆ ಅನ್ನವನ್ನು ಸ್ವಲ್ಪ ತುಪ್ಪ ಸೇರಿಸಿ ದಿನಕ್ಕೆ ಎರಡು ಮೂರು ಸಲ ಉಣಿಸಬೇಕು. ಹೊಲಕ್ಕೆ ಹೋಗುವಾಗ ಕೂಸನ್ನು ನೋಡಿಕೊಳ್ಳುವ ಮುದುಕಿಯ ಕೈಗೆ ಬಿಸ್ಕತ್ತಿನ ಪೊಟ್ಟಣದ ಬದಲು ಆ ಬಟ್ಟಲನ್ನು ಕೊಟ್ಟು ಹೋಗಿರಿ. ಕಬ್ಬು ಕಡಿಯಲು ತಾಂಡಾಗಳಿಂದಲೂ ದೂರದ ಊರುಗಳಿಂದಲೂ ಬಂದು ತಮ್ಮ ಹೊಲದಂಚಿನಲ್ಲಿ ಬೀಡುಬಿಟ್ಟವರ ಮಕ್ಕಳನ್ನು ಹತ್ತಿರದ ಅಂಗನವಾಡಿಗೆ ಕಳುಹಿಸುವ ಏರ್ಪಾಡನ್ನು ಊರ ಹಿರಿಯರು ಹಂಗಾಮಿನ ಮೊದಲ ವಾರದಲ್ಲಿಯೇ ಮಾಡತಕ್ಕದ್ದು. ಗಾಡಿಗಳು ಸಾಲುಗಟ್ಟಿದ ಮೇಲೆ ಅದಕ್ಕೆ ಯಾರಿಗೂ ಪುರುಸೊತ್ತಿರುವುದಿಲ್ಲ.