ಹಂದರ ಹಾಕುವ ಮುನ್ನ

ಕಳೆದ ದೀಪಾವಳಿಯ ಪಾಡ್ಯ ಮುಗಿದ ಮರುದಿನ ನನ್ನ ಹಳೆಯ ಶಿಷ್ಯನೊಬ್ಬ ಮನೆಗೆ ಬಂದ. ಬೈಲಹೊಂಗಲದ ಕಡೆಯ ಹಳ್ಳಿಯೊಂದರಲ್ಲಿ ವಿಜ್ಞಾನದ ಶಿಕ್ಷಕ. ಬಿ.ಎಸ್ಸಿ. ತರಗತಿಗೆ ನಾನು ಕನ್ನಡ ಹೇಳುತ್ತಿದ್ದ ಕಾಲದಲ್ಲಿ ಕಡೆಯ ಬೆಂಚಿನಲ್ಲಿ ಕುಳಿತು, ಹಳಗನ್ನಡ ಪಠ್ಯದ ಮರೆಯಲ್ಲಿ ಮಂಗಳಗ್ರಹದ ಕಥೆ ಓದುತ್ತ ಸಿಕ್ಕಿಬಿದ್ದವನು. ಫರಾಳದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಚೀಲದಿಂದ ಒಂದು ನೋಟುಬುಕ್ಕನ್ನು ತೆಗೆದು ನನ್ನ ಮುಂದಿಟ್ಟ.

“ಸರ್, ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ, ಈ ನಾಕೂ ತಾಲೂಕಿನ ಮಂದಿ ಕೂಡಿ ವೈಜ್ಞಾನಿಕ ಕಥಿಗೋಳ್ದು ಒಂದು ಸಮ್ಮೇಳನ ಮಾಡಬೇಕಂತ ಮಾಡೇವ್ರಿ. ನೀವು ಮುಂದ ನಿಂದ್ರಬೇಕು,” ಎಂದ.

“ನಮ್ಮ ಕಡೆ ಅಂಥಾ ಕಥಿ ಬರಿಯೋರು ಎಷ್ಟ ಮಂದಿ ಅದಾರಪಾ?” ಎಂದು ಕೇಳಿದೆ.

“ಬರಿಯೋರ್ದಲ್ರಿ ಸರ್, ಓದೋರ್ದು.”

ನಾನು ನಕ್ಕುಬಿಟ್ಟೆ. ಆಮೇಲೆ ನೋಟುಬುಕ್ಕನ್ನು ತೆರೆದು ನೋಡಿದೆ. ಅದರಲ್ಲಿ ನಲವತ್ತಮೂರು ಹೆಸರುಗಳಿದ್ದವು. ಪ್ರತಿಯೊಂದು ಹೆಸರಿನ ಮುಂದೆ ಊರು, ಫೋನಿನ ಸಂಖ್ಯೆ, ಆತ ಅಥವಾ ಆಕೆ ಕಡೆಯದಾಗಿ ಓದಿದ ಕಥೆಯ ಹೆಸರು. ಕೇಳುಗರೇ, ಇಂದು ನಾನು ಆಡಲಿರುವ ಮಾತುಗಳು ಆ ನೋಟುಬುಕ್ಕಿನಿಂದ ಹುಟ್ಟಿದವು.

ಓದುಗರ ಸಮ್ಮೇಳನವೆಂಬ ಮಾತು ನಮಗೆ ವಿಚಿತ್ರವಾಗಿ ಕೇಳಿಸುತ್ತದೆ. ಸಮ್ಮೇಳನವೆಂದರೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಅಧ್ಯಕ್ಷರ ಮೆರವಣಿಗೆ, ವೇದಿಕೆಯ ಮೇಲಣ ಎರಡು ಸಾಲು ಕುರ್ಚಿ, ಹಾರ, ಶಾಲು. ಓದುಗನಿಗೆ ಅಲ್ಲಿರುವ ಸ್ಥಾನ ಹಂದರದ ಕೆಳಗೆ, ಅದೂ ನೆರಳು ಸಿಕ್ಕಿದರೆ. ಪಶ್ಚಿಮ ದೇಶಗಳಲ್ಲಿ ವೈಜ್ಞಾನಿಕ ಕಥೆಗಳ ವಿಷಯದಲ್ಲಿ ಮಾತ್ರ ಈ ಕ್ರಮ ಮೊದಲಿನಿಂದಲೇ ತಲೆಕೆಳಗಾಗಿತ್ತು. 1926ರಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬಾತ ಅಮೆರಿಕೆಯಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ ಮಾಸಪತ್ರಿಕೆಯನ್ನು ಆರಂಭಿಸಿದ. ಅದರಲ್ಲಿ ಓದುಗರ ಪತ್ರಗಳು ಅಚ್ಚಾಗುತ್ತಿದ್ದವು. ಪತ್ರದ ಕೆಳಗೆ ಬರೆದವರ ವಿಳಾಸವೂ ಇರುತ್ತಿತ್ತು. ವಿಳಾಸ ಕಂಡವರು ಪರಸ್ಪರ ಕಾಗದ ಬರೆದುಕೊಂಡರು, ಕಾಗದ ಬರೆದುಕೊಂಡವರು ಊರೂರುಗಳಲ್ಲಿ ಕೂಟ ಕಟ್ಟಿಕೊಂಡರು. ಸಂಪಾದಕನೊಬ್ಬ ವಿಳಾಸದ ಸಾಲನ್ನು ಕತ್ತರಿಸದೆ ಬಿಟ್ಟದ್ದರ ಫಲ ಅದು.

1937ರ ಜನವರಿಯಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಇಂಥ ಓದುಗರು ಒಂದೆಡೆ ಸೇರಿದಾಗ ಅವರ ಸಂಖ್ಯೆ ಇಪ್ಪತ್ತರ ಆಸುಪಾಸು. ಮುಂದೆ ಜಗದ್ವಿಖ್ಯಾತನಾದ ಆರ್ಥರ್ ಸಿ. ಕ್ಲಾರ್ಕ್ ಅವರಲ್ಲಿ ಒಬ್ಬ. ಆಗಿನ್ನೂ ಹತ್ತೊಂಬತ್ತರ ತರುಣ. 1939ರ ಜುಲೈ 2ರಿಂದ ಮೂರು ದಿನ ನ್ಯೂಯಾರ್ಕಿನಲ್ಲಿ ಮೊದಲ ವಿಶ್ವ ಸಮ್ಮೇಳನ ನಡೆಯಿತು. ವಿಶ್ವವೆಂಬುದು ಆಗ ನಗರದಲ್ಲಿ ನಡೆಯುತ್ತಿದ್ದ ವಿಶ್ವ ವಸ್ತುಪ್ರದರ್ಶನದಿಂದ ಕಡ ತಂದ ಮಾತು; ಬಂದವರು ಸುಮಾರು ಇನ್ನೂರು ಜನ. ಗೌರವ ಅತಿಥಿಯಾಗಿ ಕರೆದದ್ದು ಲೇಖಕನನ್ನಲ್ಲ. ಪತ್ರಿಕೆಗಳ ಮುಖಪುಟಕ್ಕೆ ಚಿತ್ರ ಬರೆಯುತ್ತಿದ್ದ ಫ್ರಾಂಕ್ ಪಾಲ್ ಎಂಬ ಕಲಾವಿದನನ್ನು. ಫಾರೆಸ್ಟ್ ಆಕರ್ಮನ್ ಎಂಬ ಓದುಗ ದೂರದ ಲಾಸ್ ಏಂಜಲೀಸಿನಿಂದ ಮುಂದಿನ ಕಾಲದ ಮನುಷ್ಯನ ಉಡುಗೆ ತೊಟ್ಟು ಬಂದಿದ್ದ. ಹೋಳಿಯ ಸೋಗು ಕಂಡ ನಮ್ಮ ಕಡೆಯವರಿಗೆ ಇದರಲ್ಲೇನೂ ಸೋಜಿಗವಿಲ್ಲ. ಆದರೆ ಅದರಿಂದಾಚೆಗೆ ಅಂಥ ಸಮ್ಮೇಳನಗಳಲ್ಲಿ ವೇಷ ಕಟ್ಟುವುದು ಒಂದು ಸಂಪ್ರದಾಯವೇ ಆಗಿಹೋಯಿತು.

ಯುದ್ಧದ ದೆಸೆಯಿಂದ 1942ರಿಂದ 1945ರವರೆಗೆ ನಿಂತದ್ದನ್ನು ಬಿಟ್ಟರೆ ಈ ಸಮ್ಮೇಳನ ವರ್ಷ ವರ್ಷವೂ ನಡೆದುಬಂದಿದೆ. ಇಂದು ಸಾವಿರಾರು ಜನ ಸೇರುತ್ತಾರೆ. ಸಿದ್ಧತೆಯ ಕ್ರಮವನ್ನು ನನ್ನ ಶಿಷ್ಯ ವಿವರಿಸಿದಾಗ ನಾನು ಬೆರಗಾದೆ. ಅಲ್ಲಿಗೆ ಬರುವವರು ಹಣ ತೆತ್ತು ಸೇರಿದ ಸದಸ್ಯರು. ಇನ್ನೆರಡು ವರ್ಷಕ್ಕೆ ಸಮ್ಮೇಳನ ಯಾವ ಊರಲ್ಲಿ ಎಂಬುದನ್ನು ಅವರೇ ಮತ ಹಾಕಿ ನಿರ್ಣಯಿಸುತ್ತಾರೆ. 1953ರಲ್ಲಿ ಮೊದಲಾದ ಹ್ಯೂಗೋ ಪ್ರಶಸ್ತಿಯೂ ಅವರ ಮತದಿಂದಲೇ. ಬರಲಾಗದವನು ಕಡಿಮೆ ಹಣ ಕಟ್ಟಿ, ಮನೆಯಲ್ಲಿ ಕುಳಿತೇ ಮತ ಹಾಕಬಹುದು. ಕುರ್ಚಿ ಹಾಕುವವರಿಂದ ಲೆಕ್ಕ ಬರೆಯುವವರವರೆಗೆ ಬಹುತೇಕ ಎಲ್ಲರೂ ಸಂಬಳವಿಲ್ಲದೆ ದುಡಿಯುವ ಓದುಗರು.

ಆದರೆ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಆ ಮೊದಲ ಸಮ್ಮೇಳನದ ಬಾಗಿಲಲ್ಲಿ ವ್ಯವಸ್ಥಾಪಕರು ಆರು ಜನ ಓದುಗರನ್ನು ತಡೆದು ಹೊರಗೆ ನಿಲ್ಲಿಸಿದರು. ಅವರ ರಾಜಕೀಯ ಸೇರದು. ಕರಪತ್ರ ಹಂಚಿಯಾರು ಎಂಬ ಭಯ. ವ್ಯವಸ್ಥಾಪಕರಲ್ಲಿ ಮುಖ್ಯನಾದ ಸ್ಯಾಮ್ ಮಾಸ್ಕೋವಿಟ್ಸನಿಗೂ ಆಗ ಹತ್ತೊಂಬತ್ತೇ ವಯಸ್ಸು. ಅಧಿಕಾರ ನೆತ್ತಿಗೇರಲು ವಯಸ್ಸಿನ ನಿರ್ಬಂಧವಿಲ್ಲವಷ್ಟೆ. ಹೊರಗೆ ನಿಂತ ಆರು ಜನರಲ್ಲಿ ಫ್ರೆಡರಿಕ್ ಪೋಲ್, ಸಿರಿಲ್ ಕಾರ್ನ್‌ಬ್ಲತ್, ಡೊನಾಲ್ಡ್ ವೋಲ್‌ಹೈಮ್ ಇದ್ದರು. ಮುಂದೆ ಆ ಸಾಹಿತ್ಯ ಪ್ರಕಾರವನ್ನು ಬೆಳೆಸಿದವರೇ ಅವರು. ಅವರ ಗೆಳೆಯನಾಗಿದ್ದ ಐಸಾಕ್ ಅಸಿಮೋವ್ ಮಾತ್ರ ಒಳಗೆ ಹೋಗಿ ಕುಳಿತ, ಆ ಅಳುಕನ್ನು ಮುಂದೆ ತನ್ನ ಆತ್ಮಕಥೆಯಲ್ಲಿ ತೋಡಿಕೊಂಡ. ಇದು ಹಳೆಯ ಕಥೆಯೆಂದು ತಳ್ಳುವಂತಿಲ್ಲ. 2023ರಲ್ಲಿ ಚೀನಾದ ಚೆಂಗ್ಡುವಿನಲ್ಲಿ ಇದೇ ಸಮ್ಮೇಳನ ಸೇರಿದಾಗ, ಓದುಗರು ಸೂಚಿಸಿದ ಕೆಲವು ಕೃತಿಗಳನ್ನು ವ್ಯವಸ್ಥಾಪಕರು ಕಾರಣ ಹೇಳದೆ ಪಟ್ಟಿಯಿಂದ ಕಿತ್ತುಹಾಕಿದ್ದು ಮರುವರ್ಷ ಬಯಲಾಗಿ ದೊಡ್ಡ ಗದ್ದಲವಾಯಿತು.

ಶಿಷ್ಯ ಈ ಪ್ರಸಂಗವನ್ನು ಹೇಳಿದಾಗ ನಾನು ಸುಮ್ಮನಾದೆ. ನನಗೆ ನನ್ನದೇ ಒಂದು ಬಾಗಿಲು ನೆನಪಾಗಿತ್ತು.

ಬಹಳ ವರ್ಷಗಳ ಹಿಂದೆ ನಮ್ಮ ಭಾಗದ ಊರೊಂದರಲ್ಲಿ ಸಾಹಿತ್ಯ ಸಮ್ಮೇಳನ ನಡೆದಿತ್ತು. ಕಾರ್ಯಕ್ರಮ ಸಮಿತಿಗೆ ನಾನು ಸಂಚಾಲಕ. ಸಿದ್ಧತೆಗೆ ಮೂರು ತಿಂಗಳು ಸಿಕ್ಕಿತ್ತು. ಅದರಲ್ಲಿ ಒಂದು ತಿಂಗಳು ದೇಣಿಗೆಯ ಪಾವತಿ ಪುಸ್ತಕ ಹಿಡಿದು ಅಡತಿ ಅಂಗಡಿಗಳ ಮೆಟ್ಟಿಲು ಹತ್ತಿಳಿಯುವುದರಲ್ಲಿ ಹೋಯಿತು. ಗೋದಿ ಹುಗ್ಗಿಯೋ ಬುಂದೆಯೋ ಎಂಬ ಚರ್ಚೆ ಎರಡು ಸಭೆಗಳನ್ನು ನುಂಗಿತು. ಆಮಂತ್ರಣ ಪತ್ರಿಕೆಯ ಸಂಗತಿಯಂತೂ ಹೇಳತೀರದು: ಯಾರ ಹೆಸರು ಮೇಲೆ, ಯಾರದು ಕೆಳಗೆ, ಯಾರಿಗೆ ‘ಸಾನ್ನಿಧ್ಯ’, ಯಾರಿಗೆ ‘ಘನ ಉಪಸ್ಥಿತಿ’, ಮೂರು ಸಾರಿ ಅಚ್ಚಿನ ಮೊಳೆ ಬಿಚ್ಚಿ ಜೋಡಿಸಿದರು. ಗೋಷ್ಠಿಗಳನ್ನು ಕುರಿತು ನಾವು ಮಾತಾಡಿದ್ದು ಕಡೆಯ ವಾರದ ಒಂದು ಸಂಜೆ, ಚಹಾ ಬರುವವರೆಗೆ.

ಎರಡನೆಯ ದಿನ ಮಧ್ಯಾಹ್ನ ಕಥಾವಾಚನವಿತ್ತು. ಓದಬೇಕಾದವರಲ್ಲಿ ರಾಮದುರ್ಗದ ಕಡೆಯ ಒಬ್ಬ ಹುಡುಗ, ನೇಕಾರರ ಮನೆಯವನು. ಮಲಪ್ರಭೆ ಬತ್ತಿಹೋದ ಮುಂದಿನ ಯಾವುದೋ ಶತಮಾನದಲ್ಲಿ, ನೀರನ್ನೇ ಕಾಣದ ಮಕ್ಕಳಿಗೆ ಒಂದು ಯಂತ್ರ ಹೊಳೆಯ ಸದ್ದನ್ನು ಕೇಳಿಸುವ ಕಥೆ ಅವನದು. ಹಸ್ತಪ್ರತಿಯನ್ನು ನಾನು ಮೊದಲೇ ಓದಿದ್ದೆ. ‘ಇದು ಸಾಹಿತ್ಯವೇ?’ ಎಂಬ ಸಂಶಯ ನನಗಿತ್ತು. ಕುಮಾರವ್ಯಾಸ, ಪಂಪರನ್ನು ಹೇಳಿ ಹೇಳಿ ಗಡಸಾದ ಮನಸ್ಸು. ಅಂದು ಉದ್ಘಾಟನೆಯ ಭಾಷಣಗಳು ಹಿಗ್ಗಿದವು, ಊಟದ ಸಾಲು ಹಿಗ್ಗಿತು, ಅನಿರೀಕ್ಷಿತವಾಗಿ ಬಂದ ಗಣ್ಯರೊಬ್ಬರಿಗೆ ಸನ್ಮಾನ ಮಾಡಬೇಕಾಯಿತು. ವೇಳೆ ಹೊಂದಿಸಬೇಕಾದಾಗ ನನ್ನ ಪೆನ್ನು ನೇರವಾಗಿ ಆ ಹುಡುಗನ ಹೆಸರಿನ ಮೇಲೆ ಹೋಯಿತು. ಅವನು ವೇದಿಕೆಯ ಪಕ್ಕದಲ್ಲಿ, ಕಾಗದಗಳನ್ನು ಸುರುಳಿ ಸುತ್ತಿ ಹಿಡಿದು ಸಂಜೆಯವರೆಗೆ ನಿಂತಿದ್ದ. ರಾಮದುರ್ಗದ ಕಡೆಯ ಬಸ್ಸು ಹೋಗಿಬಿಟ್ಟಿತ್ತು. ರಾತ್ರಿ ಹಂದರದಲ್ಲೇ ಮಲಗಿದನೆಂದು ಮರುದಿನ ಅಡುಗೆಯವರು ಹೇಳಿದರು.

ಸಾಹಿತ್ಯವೇ ಎಂಬ ಆ ನನ್ನ ಸಂಶಯಕ್ಕೆ ಉತ್ತರ ಪಕ್ಕದ ಮನೆಯಿಂದಲೇ ಬಂತು. ಕೊಲ್ಹಾಪುರದಲ್ಲಿ ಹುಟ್ಟಿದ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರರು 1974ರಲ್ಲಿ ತಮ್ಮ ಮೊದಲ ವಿಜ್ಞಾನ ಕಥೆಯನ್ನು ಮರಾಠಿ ಸ್ಪರ್ಧೆಯೊಂದಕ್ಕೆ ಬೇರೆ ಹೆಸರಿನಲ್ಲಿ ಕಳಿಸಿದರು, ತಮ್ಮ ಕೀರ್ತಿ ತೀರ್ಪುಗಾರರ ಕಣ್ಣು ಕಟ್ಟಬಾರದೆಂದು. ಕಥೆಗೆ ಮೊದಲ ಬಹುಮಾನ ಬಂದಿತು. ಅದೇ ನಾರ್ಳೀಕರರನ್ನು 2021ರಲ್ಲಿ ನಾಸಿಕದ ಅಖಿಲ ಭಾರತ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರನ್ನಾಗಿ ಆರಿಸಿದರು. ನಮ್ಮಲ್ಲಿ ರಾಜಶೇಖರ ಭೂಸನೂರಮಠರಂಥವರು ಜೀವಮಾನವಿಡೀ ಇಂಥ ಕಥೆಗಳನ್ನು ಬರೆದರು. ನಾನು ಪಾಠ ಹೇಳಿದ ಅಷ್ಟು ವರ್ಷಗಳಲ್ಲಿ ಅವರ ಒಂದು ಕಥೆಯನ್ನೂ ತರಗತಿಯಲ್ಲಿ ಎತ್ತಿಕೊಳ್ಳಲಿಲ್ಲ.

ಆದ್ದರಿಂದ ಶಿಷ್ಯನಿಗೆ ಒಪ್ಪಿಗೆ ಕೊಟ್ಟೆ. ಮುಂದೆ ನಿಲ್ಲುವುದಿಲ್ಲ, ಜೊತೆಗೆ ನಿಲ್ಲುತ್ತೇನೆ ಎಂದೆ. ಅಂದಿನಿಂದ ತಿಂಗಳಿಗೊಮ್ಮೆ ನಮ್ಮ ಪಡಸಾಲೆಯಲ್ಲಿ ಏಳೆಂಟು ಜನ ಕೂಡುತ್ತೇವೆ.

ಮೊದಲ ತೊಡಕು ದಿನಾಂಕದ್ದು. ನಮ್ಮ ಸೀಮೆಯ ಪಂಚಾಂಗ ಅಷ್ಟು ಸರಳವಲ್ಲ. ಜೂನ್ ತಿಂಗಳು ಬಿತ್ತಿಗೆಯದು. ಆಗ ಯಾರನ್ನಾದರೂ ಕಥೆ ಕೇಳಲು ಕರೆದರೆ ಬೈಗುಳ ಕೇಳಬೇಕಾದೀತು. ಅಕ್ಟೋಬರ್ 23ರಿಂದ ಕಿತ್ತೂರು ಉತ್ಸವ. 1824ರ ಆ ದಿನ ರಾಣಿ ಚೆನ್ನಮ್ಮನ ಪಡೆ ಥ್ಯಾಕರೆಯನ್ನು ಕೆಡವಿ ಗೆದ್ದದ್ದರ ನೆನಪು ಅದು. ಆ ಮೂರು ದಿನ ಇನ್ನೊಂದು ಸಭೆಯ ಮಾತೆತ್ತುವಂತಿಲ್ಲ. ಜನವರಿಯಲ್ಲಿ ಸಂಗೊಳ್ಳಿ ಉತ್ಸವ. ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಯಿಂದ ಮಾಘದ ಭರತ ಹುಣ್ಣಿಮೆಯವರೆಗೆ ಬಸ್ಸುಗಳೆಲ್ಲ ಸವದತ್ತಿಯ ಗುಡ್ಡದ ದಾರಿ ಹಿಡಿದಿರುತ್ತವೆ. ಮಾರ್ಚಿ ಬಂತೆಂದರೆ ಪರೀಕ್ಷೆ. ನವೆಂಬರಿನಲ್ಲಿ ಮಾಡೋಣವೆಂದರೆ ತಿಂಗಳಿಡೀ ರಾಜ್ಯೋತ್ಸವ. ಮೈಕಿನವರೂ ಖಾಲಿ ಇರುವುದಿಲ್ಲ, ಭಾಷಣಕಾರರೂ ಖಾಲಿ ಇರುವುದಿಲ್ಲ. “ನಮಗ ಇಬ್ಬರೂ ಬ್ಯಾಡ್ರಿ ಸರ್,” ಎಂದಳು ಸವದತ್ತಿಯ ಒಬ್ಬ ವಿದ್ಯಾರ್ಥಿನಿ. ನವೆಂಬರಿನ ಕಡೆಯ ಶನಿವಾರ, ಭಾನುವಾರ ಎಂದು ಗೊತ್ತಾಯಿತು.

ಸ್ಥಳಕ್ಕೂ ಇದೇ ಪಾಡು. ಕಿತ್ತೂರು ಹೆದ್ದಾರಿಯ ಮೇಲಿದೆ. ಹುಬ್ಬಳ್ಳಿ, ಬೆಳಗಾವಿಗಳಿಂದ ಬರುವವರಿಗೆ ಅನುಕೂಲ. ಆದರೆ ರಾಮದುರ್ಗದವರಿಗೆ ಅದು ಸೀಮೆಯ ಇನ್ನೊಂದು ತುದಿ, ಮತ್ತು ನಮ್ಮ ನಾಲ್ಕೂ ಊರುಗಳಿಗೆ ರೈಲಿಲ್ಲ. ನಡುವೆ ಇರುವ ಬೈಲಹೊಂಗಲವೇ ಸರಿಯೆಂದು ಮತ ಹಾಕಿ ನಿಶ್ಚಯಿಸಿದೆವು. ಕೈ ಎತ್ತಿ ಅಲ್ಲ, ಚೀಟಿ ಬರೆದು. ಕಿತ್ತೂರಿನವರು ಒಂದು ಚೀಟಿಯಿಂದ ಸೋತು, ಮುಂದಿನ ವರ್ಷ ತಮ್ಮಲ್ಲೇ ಆಗಬೇಕೆಂದು ಅಂದೇ ಹಟ ಹಿಡಿದರು.

ಸಮ್ಮೇಳನದ ಮಾದರಿಗಾಗಿ ನಾವು ನ್ಯೂಯಾರ್ಕಿನವರೆಗೆ ಹೋಗಬೇಕಾಗಿಲ್ಲವೆಂದು ನನಗೆ ಈಚೆಗೆ ಅನ್ನಿಸತೊಡಗಿದೆ. ಯಲ್ಲಮ್ಮನ ಜಾತ್ರೆಗೆ ಲಕ್ಷಗಟ್ಟಲೆ ಜನ ಬರುತ್ತಾರೆ. ಅವರನ್ನು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಿ ಕರೆದವರಿಲ್ಲ. ಬಂಡಿ ಕಟ್ಟಿಕೊಂಡು, ಈಗ ಟ್ರ್ಯಾಕ್ಟರು ಕಟ್ಟಿಕೊಂಡು, ರೊಟ್ಟಿಯ ಗಂಟಿನೊಡನೆ ಬರುತ್ತಾರೆ. ಜೋಗುಳಬಾವಿಯಲ್ಲಿ ಮಿಂದು, ಗುಡ್ಡದ ಮೇಲೆ ಮೂರು ಕಲ್ಲು ಹೂಡಿ ಅಡುಗೆ ಮಾಡಿ, ಪಕ್ಕದ ಬಿಡಾರದವರಿಗೂ ಒಂದು ತುತ್ತು ಕೊಟ್ಟು ಉಣ್ಣುತ್ತಾರೆ. ನಮ್ಮ ಸಮ್ಮೇಳನಕ್ಕೂ ಪ್ರತಿಯೊಬ್ಬರೂ ಶನಿವಾರದ ಬುತ್ತಿ ತರುವುದೆಂದು ಠರಾವಾಗಿದೆ. ಕಟಕರೊಟ್ಟಿ, ಶೇಂಗಾ ಚಟ್ನಿಗೆ ಅಡುಗೆ ಸಮಿತಿ ಬೇಕಿಲ್ಲ. ಭಾನುವಾರದ ಒಂದು ಊಟ ಮಾತ್ರ ಸದಸ್ಯರ ನೂರು ನೂರು ರೂಪಾಯಿಯಲ್ಲಿ. ಜಾಗ ಒಂದು ಶಾಲೆಯ ಮೂರು ಕೋಣೆ, ಮುಂದಿನ ಬಯಲು. ವೇದಿಕೆ ಇಲ್ಲ.

ಕಾರ್ಯಕ್ರಮದ ಪಟ್ಟಿ ಬರೆಯಲು ಕುಳಿತ ದಿನ ನಾನು ಅಟ್ಟದ ಮೇಲಿನ ಹಳೆಯ ಕಡತಗಳನ್ನು ಕೆಳಗಿಳಿಸಿದೆ. ಅಂದಿನ ಸಮ್ಮೇಳನದ ಕಾಗದಗಳ ನಡುವೆ ಆ ರಾಮದುರ್ಗದ ಹುಡುಗನ ಒಪ್ಪಿಗೆ ಪತ್ರ ಇನ್ನೂ ಇತ್ತು, ಕೆಳಗೆ ವಿಳಾಸ. ಹುಡುಗನೇನು, ಈಗ ಐವತ್ತು ದಾಟಿರಬೇಕು. ಆ ವಿಳಾಸಕ್ಕೆ ಒಂದು ಕಾರ್ಡು ಬರೆದು ಹಾಕಿದೆ. ಕ್ಷಮೆಯ ಮಾತನ್ನು ಮೂರು ಬಗೆಯಾಗಿ ಬರೆದು ನೋಡಿ, ಕಡೆಗೆ ಬರಿಯ ದಿನಾಂಕ, ಸ್ಥಳ ತಿಳಿಸಿ, ಕಥೆಯೊಂದಿಗೆ ಬರಬೇಕೆಂದು ಕೇಳಿದೆ.

ಹದಿನೆಂಟು ದಿನಗಳ ಮೇಲೆ ಉತ್ತರ ಬಂದಿತು. ಆ ಕಥೆ ಈಗ ತಮ್ಮ ಬಳಿ ಇಲ್ಲವಂತೆ. ಓದುವುದಕ್ಕಲ್ಲವಾದರೂ ಕೇಳುವುದಕ್ಕೆ ಬರುವುದಾಗಿಯೂ, ಮಗಳನ್ನೂ ಕರೆತರುವುದಾಗಿಯೂ ಬರೆದಿದ್ದಾರೆ. ಶನಿವಾರ ಸಂಜೆ ಬೈಲಹೊಂಗಲದಿಂದ ರಾಮದುರ್ಗಕ್ಕೆ ಕಡೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದ್ದಾರೆ. ನಾಳೆ ಬಸ್ ನಿಲ್ದಾಣಕ್ಕೆ ಹೋಗಿ ವಿಚಾರಿಸಿಕೊಂಡು ಬರಬೇಕಾಗಿದೆ.