ಪ್ರಾಥಮಿಕ ಶಾಲೆಯಲ್ಲಿ ಆಟದ ಪಾಲು
(ಬಾನುಲಿ ಭಾಷಣ)

ಮಕ್ಕಳ ವಿಷಯ ಬಂದಾಗ ಕನ್ನಡಿಗರ ಬಾಯಲ್ಲಿ ತಾನಾಗಿ ಬರುವ ಜೋಡುನುಡಿ ‘ಆಟ-ಪಾಠ’. ‘ಪಾಠ-ಆಟ’ ಎಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಪ್ರಾಸಕ್ಕಾಗಿ ಹೀಗಾಯಿತೆನ್ನೋಣವೆಂದರೆ, ಪ್ರಾಸವು ಎರಡು ಕ್ರಮದಲ್ಲಿಯೂ ಕೂಡುತ್ತದೆ. ಮಗುವಿನ ಬಾಳಿನಲ್ಲಿ ಯಾವುದು ಮೊದಲು, ಯಾವುದು ಅನಂತರ ಎಂಬ ತಿಳಿವಳಿಕೆ ನಮ್ಮ ನುಡಿಗೇ ಇದ್ದಂತಿದೆ. ಆದರೆ ಪ್ರಾಥಮಿಕ ಶಾಲೆಯ ವೇಳಾಪಟ್ಟಿಯನ್ನು ನೋಡಿದರೆ ಎಷ್ಟೋ ಕಡೆ ಈ ಕ್ರಮ ತಲೆಕೆಳಗಾಗಿರುತ್ತದೆ. ಅಲ್ಲಿ ಆಟವೆಂಬುದು ದಿನದ ಕಟ್ಟಕಡೆಯ ಅವಧಿ. ಗಣಿತದ ಪಾಠ ಉಳಿದಿದ್ದರೆ, ಪರೀಕ್ಷೆ ಸಮೀಪಿಸಿದ್ದರೆ, ಶಿಕ್ಷಕರಿಗೆ ಕಚೇರಿಯ ಬರವಣಿಗೆ ಬಾಕಿಯಿದ್ದರೆ ಅದೂ ಇಲ್ಲ. ಮಕ್ಕಳು ಗಲಾಟೆ ಮಾಡಿದಾಗ ಶಿಕ್ಷೆಯೆಂದು ಮೊದಲು ಕಸಿದುಕೊಳ್ಳುವುದೂ ಆಟದ ಅವಧಿಯನ್ನೇ. ಗಣಿತದ ಅವಧಿಯನ್ನು ರದ್ದುಮಾಡಿ ಮಕ್ಕಳನ್ನು ದಂಡಿಸಿದ ಶಾಲೆಯನ್ನು ಊಹಿಸಿಕೊಳ್ಳುವುದೂ ಕಷ್ಟ.

ಹಳಗನ್ನಡ ಕಾವ್ಯಗಳನ್ನು ಬೋಧಿಸುತ್ತ ಆಯುಷ್ಯದ ಬಹುಭಾಗವನ್ನು ಕಳೆದವನಿಗೆ ಮೈದಾನದ ಮಾತೇಕೆ ಎಂದು ಶ್ರೋತೃಗಳು ಕೇಳಬಹುದು. ಸಾಹಿತ್ಯಕ್ಕೂ ಅಂಗಸಾಧನೆಗೂ ನಮ್ಮಲ್ಲಿ ಹಗೆತನವಿರಲಿಲ್ಲ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಕನ್ನಡಕ್ಕೆ ಕೊಟ್ಟ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ಹರ್ಕ್ಯುಲಸ್ ವ್ಯಾಯಾಮಶಾಲೆಯನ್ನು ನಡೆಸಿದ ವ್ಯಾಯಾಮಾಚಾರ್ಯರು. ಲೇಖನಿ ಹಿಡಿದ ಕೈಯೇ ಅಲ್ಲಿ ಗುಂಡನ್ನೂ ಎತ್ತುತ್ತಿತ್ತು. ಇನ್ನು ಶರೀರ ಮತ್ತು ಧರ್ಮಸಾಧನೆಯ ಸಂಬಂಧವನ್ನು ಕುರಿತ ಕಾಳಿದಾಸನ ಉಕ್ತಿಯನ್ನು ಉದ್ಧರಿಸದ ಭಾಷಣವೇ ಶಾಲಾ ವಾರ್ಷಿಕೋತ್ಸವಗಳಲ್ಲಿ ವಿರಳ. ಆ ಮಾತು ಯಾವ ಸಂದರ್ಭದ್ದೆಂದು ಸ್ಮರಿಸುವವರು ಮಾತ್ರ ಇನ್ನೂ ವಿರಳ. ‘ಕುಮಾರಸಂಭವ’ದ ಐದನೆಯ ಸರ್ಗದಲ್ಲಿ ಕಠಿನ ತಪಸ್ಸಿನಿಂದ ದೇಹವನ್ನು ದಂಡಿಸುತ್ತಿರುವ ಪಾರ್ವತಿಯನ್ನು ಕಂಡು, ಬ್ರಹ್ಮಚಾರಿಯ ವೇಷದಲ್ಲಿ ಬಂದ ಶಿವನು ಆಡುವ ಕುಶಲಪ್ರಶ್ನೆಯ ಭಾಗವದು. ವಿದ್ಯೆಯೆಂಬ ತಪಸ್ಸಿಗೆ ಆರು ವರ್ಷದ ಮಗುವನ್ನು ಕೂರಿಸಿರುವ ನಾವೂ ಆ ಪ್ರಶ್ನೆಯನ್ನು ನಮಗೆ ಹಾಕಿಕೊಳ್ಳಬೇಕಾಗಿದೆ.

ಮೊದಲಿಗೆ ಒಂದು ಭ್ರಮೆಯನ್ನು ಬಿಡಬೇಕು. ದೈಹಿಕ ಶಿಕ್ಷಣವೆಂದರೆ ಕೆಲವರಿಗೆ ಸಾಲಾಗಿ ನಿಂತು ಸಾವಧಾನ್, ವಿಶ್ರಾಮ್ ಎನ್ನುವ ಕವಾಯತು. ಮತ್ತೆ ಕೆಲವರಿಗೆ ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟದಲ್ಲಿ ಗೆದ್ದು ತರುವ ಪಾರಿತೋಷಕ. ಕವಾಯತು ಸೈನ್ಯದ ಅಂಗಳದಿಂದ ಬಂದದ್ದು. ಆಜ್ಞೆಗೆ ಮಣಿಯುವ ದೇಹವನ್ನು ಅದು ಬಯಸುತ್ತದೆ. ಪಾರಿತೋಷಕವಾದರೋ ಚುರುಕಾದ ಹತ್ತು ಹನ್ನೆರಡು ಮಕ್ಕಳನ್ನು ಆರಿಸಿಕೊಂಡು ಮಿಕ್ಕವರನ್ನು ಚಪ್ಪಾಳೆ ತಟ್ಟಲು ಬಿಡುತ್ತದೆ. ಎರಡಕ್ಕೂ ಅವುಗಳದೇ ಸ್ಥಾನವಿದೆ. ಆದರೆ ಶಿಕ್ಷಣವೆಂದು ಕರೆಯಬೇಕಾದರೆ ಅದು ಎಲ್ಲ ಮಕ್ಕಳಿಗೂ ಸಲ್ಲಬೇಕು. ಓಡುವುದು, ಜಿಗಿಯುವುದು, ಎಸೆಯುವುದು, ಹಿಡಿಯುವುದು, ಸಮತೋಲದಲ್ಲಿ ನಿಲ್ಲುವುದು, ಸೋತಾಗ ಸಾವರಿಸಿಕೊಳ್ಳುವುದು ಇವೆಲ್ಲ ಅಕ್ಷರಮಾಲೆಯಂತೆಯೇ ಕ್ರಮವಾಗಿ ಕಲಿಯಬೇಕಾದ ವಿದ್ಯೆಗಳು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ನಡತೆಗಷ್ಟೇ ಅನ್ವಯಿಸುತ್ತೇವೆ. ಅದು ಕೈಕಾಲುಗಳಿಗೂ ಅಕ್ಷರಶಃ ಸಲ್ಲುವ ಮಾತು.

ಈ ತಿಳಿವು ಹೊಸದಲ್ಲ. ದೈಹಿಕ ಶಿಕ್ಷಕರನ್ನು ತರಬೇತುಗೊಳಿಸುವ ಸಂಸ್ಥೆಯನ್ನು ಹ್ಯಾರಿ ಕ್ರೋ ಬಕ್ ಅವರು ಮದರಾಸಿನ ವೈ.ಎಂ.ಸಿ.ಎ. ಆಶ್ರಯದಲ್ಲಿ ೧೯೨೦ರಲ್ಲಿಯೇ ಆರಂಭಿಸಿದರು. ಸ್ವಾತಂತ್ರ್ಯಾನಂತರ ೧೯೫೭ರಲ್ಲಿ ಗ್ವಾಲಿಯರಿನಲ್ಲಿ ಲಕ್ಷ್ಮೀಬಾಯಿ ದೈಹಿಕ ಶಿಕ್ಷಣ ಕಾಲೇಜು ಹುಟ್ಟಿತು. ದೈಹಿಕ ಶಿಕ್ಷಣವೂ ಕ್ರೀಡೆಯೂ ಎಲ್ಲರ ಮೂಲಭೂತ ಹಕ್ಕೆಂದು ಯುನೆಸ್ಕೊ ೧೯೭೮ರ ಸನ್ನದಿನಲ್ಲಿ ಸಾರಿತು. ಐದರಿಂದ ಹದಿನೇಳು ವರ್ಷದ ಮಕ್ಕಳು ದಿನಕ್ಕೆ ಸರಾಸರಿ ೬೦ ನಿಮಿಷವಾದರೂ ಉಸಿರು ಬಿರುಸಾಗುವಂತೆ ಮೈಯಾಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ತಿಳಿಸಿತು. ಅದೇ ವರ್ಷದ ರಾಷ್ಟ್ರೀಯ ಶಿಕ್ಷಣ ನೀತಿಯು ಪಠ್ಯ, ಪಠ್ಯೇತರ ಎಂಬ ಗೋಡೆಯೇ ಬೇಡವೆಂದಿತು. ಹೇಳಬೇಕಾದುದನ್ನು ಹೇಳಿದವರಿಗೆ ಕೊರತೆಯಿಲ್ಲ. ಹೇಳಿದ್ದು ಒಂದನೆಯ ತರಗತಿಯ ಮಗುವಿನವರೆಗೆ ಇಳಿದು ಬಂದಿದೆಯೇ ಎಂಬುದೇ ಇಂದಿನ ಪ್ರಶ್ನೆ.

೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯನ್ನು ಗಮನಿಸೋಣ. ಪ್ರತಿ ಶಾಲೆಗೂ ಆಟದ ಮೈದಾನವಿರಬೇಕೆಂದೂ, ಪ್ರತಿ ತರಗತಿಗೂ ಅಗತ್ಯವಾದ ಆಟದ ಸಾಮಗ್ರಿ ಒದಗಬೇಕೆಂದೂ ಅದು ವಿಧಿಸುತ್ತದೆ. ಇದು ಸ್ತುತ್ಯವಾದದ್ದು. ಆದರೆ ಶಿಕ್ಷಕರ ಮಾತಿಗೆ ಬಂದಾಗ, ಆರರಿಂದ ಎಂಟನೆಯ ತರಗತಿಯವರೆಗೆ, ಅದೂ ೧೦೦ಕ್ಕಿಂತ ಹೆಚ್ಚು ಮಕ್ಕಳಿರುವಲ್ಲಿ, ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಇರಬೇಕೆಂದು ಹೇಳಿ ಸುಮ್ಮನಾಗುತ್ತದೆ. ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಅಂಥ ಬೋಧಕರ ಪ್ರಸ್ತಾಪವೇ ಅಲ್ಲಿಲ್ಲ. ೬೦ ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಕಾಯಿದೆ ಗೊತ್ತುಮಾಡಿರುವುದು ಇಬ್ಬರು ಶಿಕ್ಷಕರನ್ನು. ಐದು ತರಗತಿಗಳ ಅಷ್ಟೂ ವಿಷಯಗಳು ಆ ಇಬ್ಬರ ಹೆಗಲ ಮೇಲೆ. ಕೈಕಾಲು ಬಲಿಯುವ, ಚಲನೆಯ ಅಕ್ಷರಾಭ್ಯಾಸ ನಡೆಯಬೇಕಾದ ವಯಸ್ಸು ಯಾವುದೋ ಆ ವಯಸ್ಸಿನಲ್ಲಿಯೇ ಕಲಿಸುವವರಿಲ್ಲ. ಅಡಿಪಾಯಕ್ಕೆ ಮೇಸ್ತ್ರಿಯನ್ನು ಕರೆಯದೆ ಮೊದಲ ಮಹಡಿಗೆ ಬಾ ಎಂದಂತಾಯಿತು.

ಇನ್ನು ಹಣದ ಮಾತು. ೨೦೧೮ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಕ್ರೀಡಾ ಸಾಮಗ್ರಿಗಾಗಿ ಪ್ರಾಥಮಿಕ ಶಾಲೆಗೆ ವರ್ಷಕ್ಕೆ ೫,೦೦೦ ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ ೧೦,೦೦೦, ಪ್ರೌಢಶಾಲೆಗೆ ೨೫,೦೦೦ ರೂಪಾಯಿಗಳವರೆಗೆ ಎಂದು ಗೊತ್ತುಪಡಿಸಲಾಯಿತು. ಏನೂ ಇಲ್ಲದಿದ್ದ ಕಡೆ ಇಷ್ಟಾದರೂ ಬಂದಿತೆಂಬುದು ಸಂತೋಷವೇ. ಆದರೂ ಒಂದು ಸಣ್ಣ ಲೆಕ್ಕ ಮಾಡೋಣ. ಶಾಲೆಯಲ್ಲಿ ೫೦ ಮಕ್ಕಳಿದ್ದರೆ ಮಗುವೊಂದಕ್ಕೆ ವರ್ಷಕ್ಕೆ ೧೦೦ ರೂಪಾಯಿ. ಕಾಯಿದೆಯ ಪ್ರಕಾರ ಕಿರಿಯ ತರಗತಿಗಳಿಗೆ ವರ್ಷದಲ್ಲಿ ೨೦೦ ಕೆಲಸದ ದಿನಗಳು. ಎಂದರೆ ದಿನಕ್ಕೆ ಐವತ್ತು ಪೈಸೆ. ಈ ಐವತ್ತು ಪೈಸೆಯಲ್ಲಿ ಚೆಂಡು, ಹಗ್ಗ, ಗಾಯಕ್ಕೆ ಹಚ್ಚುವ ಔಷಧ ಎಲ್ಲವೂ ಆಗಬೇಕು. ಅದಕ್ಕಿಂತ ಮುಖ್ಯವಾಗಿ, ಇದು ವಸ್ತುವಿಗೆ ಸಲ್ಲುವ ಹಣವೇ ಹೊರತು ಕಲಿಸುವ ಕೈಗಳಿಗೆ ಸಲ್ಲುವ ಹಣವಲ್ಲ. ಕಲಿಸುವವರಿಲ್ಲದ ಶಾಲೆಯಲ್ಲಿ ಹೊಸ ಚೆಂಡು ಬೀರುವಿನ ಒಳಗೇ ಗಾಳಿ ಕಳೆದುಕೊಳ್ಳುತ್ತದೆ.

ಬೇರೆಯವರು ಏನು ಮಾಡಿದರೆಂದು ನೋಡುವುದು ಉಪಯುಕ್ತ. ೨೦೧೨ರ ಲಂಡನ್ ಒಲಿಂಪಿಕ್ಸ್ ಮುಗಿದ ಮೇಲೆ, ೨೦೧೩ರಲ್ಲಿ, ಇಂಗ್ಲೆಂಡಿನ ಸರಕಾರ ಪ್ರಾಥಮಿಕ ಶಾಲೆಗಳ ದೈಹಿಕ ಶಿಕ್ಷಣಕ್ಕಾಗಿಯೇ ಪ್ರತ್ಯೇಕ ಅನುದಾನವನ್ನು ಆರಂಭಿಸಿತು. ೨೦೧೭ರಲ್ಲಿ ಅದನ್ನು ಇಮ್ಮಡಿಗೊಳಿಸಿ, ಸಣ್ಣ ಶಾಲೆಗಳನ್ನು ಬಿಟ್ಟರೆ ಮಿಕ್ಕವಕ್ಕೆ ವರ್ಷಕ್ಕೆ ೧೬,೦೦೦ ಪೌಂಡು, ಮೇಲೆ ಮಗುವೊಂದಕ್ಕೆ ೧೦ ಪೌಂಡು ಎಂದು ಗೊತ್ತುಮಾಡಿತು. ಈ ಹೆಚ್ಚಳಕ್ಕೆ ಸಕ್ಕರೆ ಬೆರೆಸಿದ ತಂಪು ಪಾನೀಯಗಳ ಮೇಲಿನ ಸುಂಕವನ್ನು ಆಧಾರವಾಗಿ ಇರಿಸಿಕೊಂಡಿತು. ಮಕ್ಕಳ ಮೈಗೆ ಕೇಡು ಮಾಡುವ ಪದಾರ್ಥದಿಂದಲೇ ಮಕ್ಕಳ ಮೈಗೆ ಹಿತವಾಗುವ ಕಾರ್ಯಕ್ಕೆ ಹಣ ತೆಗೆದ ಆ ಯೋಚನೆ ಮೆಚ್ಚತಕ್ಕದ್ದು. ಮೊತ್ತವನ್ನು ಹೋಲಿಸುವುದು ನ್ಯಾಯವಲ್ಲ. ಆ ದೇಶದ ಬೊಕ್ಕಸ ಬೇರೆ, ನಮ್ಮದು ಬೇರೆ. ಷರತ್ತುಗಳನ್ನು ಹೋಲಿಸಬಹುದು. ಆ ಹಣವನ್ನು ಬೇರೆ ಬಾಬಿಗೆ ತಿರುಗಿಸುವಂತಿಲ್ಲ. ಹಣ ನಿಂತ ಮೇಲೂ ಉಳಿಯುವಂಥ ಸುಧಾರಣೆಗೆ ಅದನ್ನು ಬಳಸಬೇಕು. ಹೇಗೆ ವೆಚ್ಚವಾಯಿತು, ಮಕ್ಕಳಿಗೆ ಏನು ಫಲ ದೊರೆಯಿತು ಎಂಬುದನ್ನು ಶಾಲೆಯು ಸಾರ್ವಜನಿಕರಿಗೆ ಪ್ರಕಟಿಸಬೇಕು. ಅಲ್ಲಿಯೂ ಎಲ್ಲವೂ ಸುಸೂತ್ರವಾಗಿ ನಡೆಯಲಿಲ್ಲ. ಹೊರಗಿನ ತರಬೇತುದಾರರನ್ನು ಸಂಬಳ ಕೊಟ್ಟು ಕರೆಸಿ, ತರಗತಿಯ ಶಿಕ್ಷಕರು ಬದಿಗೆ ಸರಿದು ನಿಲ್ಲುವ ಪ್ರವೃತ್ತಿ ಟೀಕೆಗೆ ಗುರಿಯಾಯಿತು. ತರಬೇತುದಾರ ಹೋದ ದಿನ ಕಲಿಕೆಯೂ ಹೋಯಿತು. ನಮಗೆ ಬೇಕಾದ ಪಾಠ ಇದೇ: ಹಣದ ದೊಡ್ಡ ಪಾಲು ಶಾಲೆಯಲ್ಲಿ ಉಳಿಯುವ ಶಿಕ್ಷಕರನ್ನು ಸಿದ್ಧಗೊಳಿಸುವುದಕ್ಕೆ ಹೋಗಬೇಕು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತುವವರಿದ್ದಾರೆ. ‘ಪೇಟೆಯ ಮಕ್ಕಳಿಗೆ ಇದು ಬೇಕಾದೀತು, ನಮ್ಮ ಹಳ್ಳಿಯ ಮಗು ನೀರು ಹೊರುತ್ತದೆ, ದನ ಅಟ್ಟುತ್ತದೆ, ಮೈಲಿಗಟ್ಟಲೆ ನಡೆಯುತ್ತದೆ, ಅದಕ್ಕೆ ವ್ಯಾಯಾಮವೇಕೆ?’ ಎಂದು. ದುಡಿಮೆಗೂ ಆಟಕ್ಕೂ ಇರುವ ಅಂತರವನ್ನು ಮರೆತ ಮಾತಿದು. ಒಂದೇ ಸೊಂಟದ ಮೇಲೆ ಕೊಡ ಹೊರುವ ಹುಡುಗಿಯ ದೇಹಕ್ಕೆ ದಣಿವುಂಟು, ಬೆಳವಣಿಗೆಯ ಸಮತೋಲವಿಲ್ಲ. ದುಡಿಮೆಯಲ್ಲಿ ಮಗು ಇನ್ನೊಬ್ಬರ ಅಗತ್ಯಕ್ಕೆ ಬಾಗುತ್ತದೆ. ಆಟದಲ್ಲಿ ತನ್ನ ಇಚ್ಛೆಯಿಂದ ನಿಯಮಕ್ಕೆ ಬಾಗುತ್ತದೆ. ಸ್ವಾತಂತ್ರ್ಯವೂ ಕಟ್ಟುಪಾಡೂ ಒಟ್ಟಿಗೆ ಇರಬಲ್ಲವೆಂಬುದನ್ನು ಪ್ರಜಾಪ್ರಭುತ್ವದ ಭಾವೀ ಪ್ರಜೆ ಮೊದಲು ಕಲಿಯುವುದು ಲಗೋರಿಯ ಕಲ್ಲುಗಳ ಸುತ್ತಲೇ ಹೊರತು ಪೌರನೀತಿಯ ಪುಸ್ತಕದಲ್ಲಲ್ಲ. ಮನೆಗೆಲಸ ಹೆಚ್ಚಿರುವ ಹೆಣ್ಣುಮಗುವಿಗೆ ಶಾಲೆಯ ಆಟದ ಅವಧಿಯೇ ದಿನದ ಏಕಮಾತ್ರ ಆಟದ ಅವಧಿಯಾಗಿರಬಹುದು. ಅದನ್ನು ಕಿತ್ತುಕೊಂಡರೆ ಅವಳ ಬಾಲ್ಯದಿಂದಲೇ ಏನನ್ನೋ ಕಿತ್ತುಕೊಂಡಂತೆ.

ಹಾಗಾದರೆ ಮಾಡಬೇಕಾದುದೇನು? ನಾಲ್ಕು ಸಂಗತಿಗಳನ್ನು ಮಾತ್ರ ಹೇಳುತ್ತೇನೆ.

ಮೊದಲನೆಯದು ಕಾಲ. ಕಿರಿಯ ತರಗತಿಗಳಿಗೆ ಕಾಯಿದೆ ವಿಧಿಸಿರುವ ಬೋಧನಾವಧಿ ವರ್ಷಕ್ಕೆ ೮೦೦ ಗಂಟೆ. ೨೦೦ ದಿನಗಳಿಗೆ ಹಂಚಿದರೆ ದಿನಕ್ಕೆ ನಾಲ್ಕು ಗಂಟೆ. ಈ ನಾಲ್ಕು ಗಂಟೆಯಲ್ಲಿ ಅರ್ಧ ಗಂಟೆಯನ್ನು ನಿತ್ಯವೂ ಆಟಕ್ಕೆ ಕೊಟ್ಟು, ಅದನ್ನು ಬೇರಾವ ವಿಷಯವೂ ಮುಟ್ಟದಂತೆ ಕಾಯುವುದಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ.

ಎರಡನೆಯದು ಸ್ಥಳ. ಕಬಡ್ಡಿಯ ಪೂರ್ಣ ಅಂಕಣಕ್ಕೆ ಬೇಕಾದುದು ೧೩ ಮೀಟರು ಉದ್ದ, ೧೦ ಮೀಟರು ಅಗಲದ ನೆಲ. ಮಕ್ಕಳಿಗೆ ಅದಕ್ಕಿಂತ ಕಡಿಮೆಯೂ ಸಾಕು. ಕುಂಟೆಬಿಲ್ಲೆಗೆ ಒಂದು ಜಗುಲಿಯ ಅಗಲ ಸಾಲುತ್ತದೆ. ಆದ್ದರಿಂದ ವಿಶಾಲವಾದ ಮೈದಾನವಿಲ್ಲವೆಂಬ ನೆಪ ಬೇಡ. ಆದರೆ ಇರುವ ಮೈದಾನವನ್ನು ಉಳಿಸಿಕೊಳ್ಳಬೇಕು. ಹೊಸ ಕೊಠಡಿ ಬೇಕಾದಾಗ, ನೀರಿನ ತೊಟ್ಟಿ ಬೇಕಾದಾಗ, ಊರಿನ ಸಭಾಭವನ ಬೇಕಾದಾಗ ಎಲ್ಲರ ಕಣ್ಣು ಮೊದಲು ಬೀಳುವುದು ಶಾಲೆಯ ಬಯಲಿನ ಮೇಲೆ. ಬಯಲು ಖಾಲಿಯಿದೆಯೆಂದು ದೊಡ್ಡವರಿಗೆ ಕಾಣುತ್ತದೆ. ಮಕ್ಕಳಿಗೆ ಅದು ತುಂಬಿದ ತರಗತಿ. ೨೦೦೫ರ ಉದ್ಯೋಗ ಖಾತರಿ ಕಾಯಿದೆಯಡಿ ಆಟದ ಬಯಲುಗಳ ನಿರ್ಮಾಣಕ್ಕೂ ಅವಕಾಶ ಸಿಕ್ಕಿದಾಗ, ನಮ್ಮ ರಾಜ್ಯದ ಹಲವು ಗ್ರಾಮ ಪಂಚಾಯಿತಿಗಳು ಶಾಲೆಯ ನೆಲವನ್ನು ಊರವರ ಕೈಯಿಂದಲೇ ಹಸನುಮಾಡಿಸಿದವು. ಮನಸ್ಸಿದ್ದ ಕಡೆ ದಾರಿಯೂ ಕಂಡಿತು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ಶಿಕ್ಷಕರು. ಎಲ್ಲ ಕಿರಿಯ ಪ್ರಾಥಮಿಕ ಶಾಲೆಗೂ ಒಬ್ಬೊಬ್ಬ ದೈಹಿಕ ಶಿಕ್ಷಕರನ್ನು ಇಂದೇ ನೇಮಿಸಿರೆಂದು ಹೇಳುವುದು ಸುಲಭ, ನಡೆಸುವುದು ಸುಲಭವಲ್ಲ. ನೆರೆಹೊರೆಯ ನಾಲ್ಕಾರು ಶಾಲೆಗಳಿಗೆ ಒಬ್ಬರನ್ನು ನೇಮಿಸಿ, ಅವರು ವಾರಕ್ಕೊಮ್ಮೆ ಬಂದು ಮಕ್ಕಳೊಂದಿಗೆ ತರಗತಿಯ ಶಿಕ್ಷಕರಿಗೂ ಕಲಿಸಿ ಹೋಗುವಂತೆ ಮಾಡಿದರೆ, ಉಳಿದ ದಿನಗಳಲ್ಲಿ ಆ ಶಿಕ್ಷಕರೇ ನಡೆಸಬಲ್ಲರು. ಶಿಕ್ಷಕರ ತರಬೇತಿ ಸಂಸ್ಥೆಗಳಲ್ಲಿ ಆಟ ಆಡಿಸುವ ಕಲೆಯು ಓದು ಬರಹ ಕಲಿಸುವ ಕಲೆಗೆ ಸಮನಾದ ಸ್ಥಾನ ಪಡೆಯಬೇಕು. ಓಡಲಾರದ ಮಗುವನ್ನು, ಕಣ್ಣು ಮಂಜಾದ ಮಗುವನ್ನು, ಗಾಲಿಕುರ್ಚಿಯ ಮಗುವನ್ನು ಅಂಕ ಬರೆಯಲು ಕೂರಿಸದೆ ಆಟದೊಳಕ್ಕೇ ಕರೆದುಕೊಳ್ಳುವುದು ಹೇಗೆಂಬುದನ್ನು ತಿಳಿದ ಶಿಕ್ಷಕರೇ ಬಲ್ಲರು, ಚೆಂಡು ಬಲ್ಲದೇ?

ನಾಲ್ಕನೆಯದು ಲೆಕ್ಕ. ಆಟದ ಹಣವನ್ನು ಆಟಕ್ಕೇ ಮೀಸಲಿಡಬೇಕು. ಶಾಲೆಯ ಗೋಡೆಯ ಮೇಲೆ ಅದರ ಲೆಕ್ಕ ಕಾಣಬೇಕು. ಎಷ್ಟು ಪಾರಿತೋಷಕ ಬಂದವೆಂಬುದಕ್ಕಿಂತ, ಈ ವಾರ ಎಷ್ಟು ಮಕ್ಕಳು ಎಷ್ಟು ದಿನ ಆಡಿದರೆಂಬುದನ್ನು ಬರೆಯಬೇಕು. ಮೇಲಧಿಕಾರಿಗಳು ಶಾಲೆಗೆ ಬಂದಾಗ ಹಾಜರಿ ಪುಸ್ತಕದೊಡನೆ ಇದನ್ನೂ ಕೇಳುವಂತಾದರೆ ಅರ್ಧ ಕೆಲಸ ಆದಂತೆಯೇ.

೨೦೦೨ರಲ್ಲಿ ಕರ್ನಾಟಕದ ಈಶಾನ್ಯ ಜಿಲ್ಲೆಗಳ ಶಾಲೆಗಳಲ್ಲಿ ಅಕ್ಷರ ದಾಸೋಹದ ಒಲೆ ಹೊತ್ತಿತು. ಅಡುಗೆಮಾಡಿ ಬಡಿಸುವುದು ಶಾಲೆಯ ಕೆಲಸವೇ ಎಂಬ ಶಂಕೆ ಅಂದು ಇದ್ದವರಿಗೂ ಇಂದು ಬಿಸಿಯೂಟವಿಲ್ಲದ ಶಾಲೆಯನ್ನು ನೆನೆಯುವುದು ಕಷ್ಟ. ಹಸಿದ ಮಗು ಕಲಿಯಲಾರದೆಂಬ ಸತ್ಯವನ್ನು ನಾವು ಒಪ್ಪಿ ಅದಕ್ಕೆ ಹಣವನ್ನೂ ಒದಗಿಸಿದೆವು. ಉಂಡ ಅನ್ನ ಮೈಗೆ ಹತ್ತಬೇಕಾದರೆ ಮೈ ಆಡಬೇಕೆಂಬುದು ಅದರ ಉತ್ತರಾರ್ಧ. ಪೂರ್ವಾರ್ಧವನ್ನು ಒಪ್ಪಿದ ನಾಡು ಉತ್ತರಾರ್ಧವನ್ನು ಒಪ್ಪದೆ ಇರಲಾರದು.

ಈ ಭಾಷಣವನ್ನು ಕೇಳುತ್ತಿರುವವರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯರಿದ್ದೀರಿ, ಪಂಚಾಯಿತಿಯ ಸದಸ್ಯರಿದ್ದೀರಿ, ತಂದೆತಾಯಿಯರಿದ್ದೀರಿ. ಮುಂದಿನ ಸಭೆಯಲ್ಲಿ ಕೊಠಡಿಯ ಹೆಂಚು, ಸುಣ್ಣಬಣ್ಣಗಳ ವಿಚಾರ ಮುಗಿದ ಮೇಲೆ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿರಿ: ‘ಒಂದನೆಯ ತರಗತಿಯ ಮಕ್ಕಳು ಈ ವಾರ ಎಷ್ಟು ದಿನ ಆಡಿದರು? ಆಡಿಸಿದವರು ಯಾರು?’ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ಅದರ ಮುಂದಿನ ಸಭೆಯಲ್ಲಿಯೂ ಅದನ್ನೇ ಕೇಳಿರಿ.